ಸತ್ತ ಮೇಲೂ ಚಪ್ಪಾಳೆ ತಟ್ಟಿದ ನಮ್ಮ ಯಜಮಾನರ ಕುರಿತು

ಮಾನ್ಯ ಚಲನಚಿತ್ರ ದೋಷನಿವಾರಕ ಯಂತ್ರದವರೇ,

ಇಸ್ತ್ರಿ ಅಂಗಡಿಯ ಬಿಸಿ ಮೇಜಿನ ಪಕ್ಕದಿಂದ ತಮಗೆ ಸಾದರ ವಂದನೆಗಳು. ತಮಗೆ ಕೈಗಳಿಲ್ಲವೆಂದು ಕೇಳಿದ್ದೇನೆ, ಆದ್ದರಿಂದ ತಾವು ಮರಳಿ ಕೈಮುಗಿಯಬೇಕೆಂಬ ನಿರೀಕ್ಷೆಯೇನೂ ಇಲ್ಲ. ಊಟ, ನಿದ್ದೆ, ಸೊಂಟನೋವು ಯಾವುದರ ಹಂಗೂ ಇಲ್ಲದೆ ತಾವು ಹಗಲಿರುಳು ಪರರ ತಪ್ಪುಗಳನ್ನೇ ಹುಡುಕುತ್ತೀರೆಂದು ತಿಳಿದು ಬಹಳ ಸಂತೋಷವಾಯಿತು, ಏಕೆಂದರೆ ಇಷ್ಟು ದಿನ ಆ ಕೆಲಸದ ಭಾರವನ್ನೆಲ್ಲ ನಮ್ಮ ನಾದಿನಿ ಒಬ್ಬರೇ ಹೊರುತ್ತಿದ್ದರು.

ಇಪ್ಪತ್ತು ವರ್ಷದ ಹಿಂದೆ ಬಂದು ಹೋದ ಹೊಡೆದಾಟದ ಚಿತ್ರವೊಂದು ಮುಂದಿನ ವಾರ ಮತ್ತೆ ತೆರೆಗೆ ಬರುತ್ತಿದೆಯೆಂದೂ, ಅದರ ತಪ್ಪುಗಳನ್ನೆಲ್ಲ ತಾವು ಹೆಕ್ಕಿ ತೆಗೆದು, ಚಿತ್ರವನ್ನು ಒಗೆದು ಗರಿಗರಿಯಾಗಿ ಮಡಚಿಟ್ಟಿದ್ದೀರೆಂದೂ ಪತ್ರಿಕೆಯಲ್ಲಿ ಓದಿದೆ. ಹೀರೋ ಹಣೆಯ ಬಲಕ್ಕಾದ ಗಾಯ ಅವನು ಮೆಟ್ಟಿಲು ಹತ್ತುವಷ್ಟರಲ್ಲಿ ಎಡಕ್ಕೆ ದಾಟುತ್ತಿತ್ತು, ಅದಕ್ಕೆ ಬುದ್ಧಿ ಹೇಳಿ ಒಂದೇ ಕಡೆ ಕೂರಿಸಿದ್ದೀರಿ. ಪೊಲೀಸ್ ಅಧಿಕಾರಿ ಕುಡಿದು ಮುಗಿಸಿದ ಚಹಾ ಮರುಕ್ಷಣವೇ ಲೋಟದ ತುಂಬ ಇರುತ್ತಿತ್ತು, ಅದನ್ನು ಖಾಲಿ ಮಾಡಿಸಿದ್ದೀರಿ. ಅಂಥದ್ದೊಂದು ಲೋಟ ನಮ್ಮ ಮನೆಯಲ್ಲಿರಲಿ ಎಂಬ ಆಸೆ ನನಗಿದ್ದದ್ದು ಬೇರೆ ಮಾತು. ಹೀರೋ ಐದನೇ ಮಹಡಿಯಿಂದ ಜಿಗಿದ ಕಟ್ಟಡಕ್ಕೆ ದೂರದಿಂದ ನೋಡಿದರೆ ಮೂರೇ ಮಹಡಿ ಇದ್ದವು. ಈಗ ಅದರ ಮೇಲೆ ಇನ್ನೆರಡನ್ನು ನಕ್ಷೆಯಿಲ್ಲದೆ, ಪರವಾನಗಿಯಿಲ್ಲದೆ, ಒಂದು ಬೊಗಸೆ ಸಿಮೆಂಟೂ ಇಲ್ಲದೆ ಕಟ್ಟಿಸಿಕೊಟ್ಟಿದ್ದೀರಂತೆ. ನಮ್ಮ ಅಂಗಡಿಯ ಮಾಡು ಸೋರುತ್ತಿದೆ, ಬಿಡುವಾದಾಗ ಇತ್ತ ದಯಮಾಡಿಸಬೇಕು.

ಆದರೆ ಚರಂಡಿಯಲ್ಲಿ ಹೊರಳಾಡಿ ಎದ್ದ ಹೀರೋ, ಮರುದೃಶ್ಯದಲ್ಲೇ ತೋಳಿನ ಗೆರೆ ಕೂಡ ಕೆಡದ ಬಿಳಿ ಅಂಗಿಯಲ್ಲಿ ಬರುವುದನ್ನು ತಾವು ಮುಟ್ಟಿಲ್ಲ. ಅದು ಹೀರೋ ಅವರ ಶೈಲಿ ಎಂದು ಚಿತ್ರದ ಕಂಪನಿಯವರು ಹೇಳಿಕೆ ಕೊಟ್ಟಿದ್ದಾರೆ. ದೊಡ್ಡವರು ಮಾಡಿದರೆ ಶೈಲಿ, ಸಣ್ಣವರು ಮಾಡಿದರೆ ದೋಷ ಎಂಬ ಕಾನೂನು ನಮ್ಮ ಬೀದಿಯಲ್ಲೂ ಜಾರಿಯಲ್ಲಿರುವುದರಿಂದ ಆ ಬಗ್ಗೆ ನನ್ನ ತಕರಾರಿಲ್ಲ. ಆ ಅಂಗಿಗೆ ಇಸ್ತ್ರಿ ಹಾಕಿದವರು ಯಾರೆಂದು ತಿಳಿಸಿದರೆ ಸಾಕು, ಅವರನ್ನು ನಮ್ಮ ಅಂಗಡಿಗೆ ಸೇರಿಸಿಕೊಳ್ಳುತ್ತೇನೆ.

ನನ್ನ ತಕರಾರು ಇರುವುದು ಅದೇ ಸುದ್ದಿಯ ಕೊನೆಯ ಸಾಲಿನ ಬಗ್ಗೆ. ಗೋದಾಮಿನಲ್ಲಿ ಸತ್ತ ಖಳನಾಯಕನ ಬಂಟನೊಬ್ಬ ಕೊನೆಯ ದೃಶ್ಯದ ಜನರ ನಡುವೆ ನಿಂತು ಚಪ್ಪಾಳೆ ತಟ್ಟುತ್ತಾನೆಂದೂ, ಈ ನಗೆಪಾಟಲಿನ ತಪ್ಪನ್ನು ತಾವು ಅಳಿಸಿಹಾಕಿದ್ದೀರೆಂದೂ ಅದರಲ್ಲಿತ್ತು. ಆ ಬಂಟ ನಮ್ಮ ಯಜಮಾನರು. ಹೀರೋಗಳ ಕೈಯಲ್ಲಿ ಎಲ್ಲರಿಗಿಂತ ಮುಂಚೆ ಹೊಡೆತ ತಿನ್ನುವುದು ಅವರ ಕಸುಬಾಗಿದ್ದರಿಂದ ಅವರನ್ನು ಎಲ್ಲರೂ ಮೊದಲೇಟು ಎಂದೇ ಕರೆಯುತ್ತಾರೆ. ಮೊಣಕಾಲು ಕೈಕೊಟ್ಟು ಇಸ್ತ್ರಿ ಹಿಡಿಯುವವರೆಗೆ ಅವರು ಸತ್ತು ಸತ್ತು ಸಂಸಾರ ಸಾಕಿದವರು. ಚಿತ್ರೀಕರಣದ ದಿನ ಕೊನೆಯ ದೃಶ್ಯಕ್ಕೆ ಜನ ಸಾಲದೆ ಹೋದಾಗ, ಸತ್ತವರೆಲ್ಲ ಅಂಗಿ ಬದಲಿಸಿ ಹಿಂದೆ ಹೋಗಿ ನಿಂತ್ಕೊಳ್ಳಿ ಎಂದು ಮ್ಯಾನೇಜರು ಹೇಳಿದರು, ಇವರು ಹೋಗಿ ನಿಂತರು. ಉಳಿದವರು ಜಾಣರು, ತಲೆ ತಗ್ಗಿಸಿಕೊಂಡರು. ಇವರು ಮಾತ್ರ ಕ್ಯಾಮೆರಾ ಕಡೆಗೇ ಮುಖ ಮಾಡಿ ಮನಸಾರೆ ಚಪ್ಪಾಳೆ ತಟ್ಟಿದರು.

ನಮ್ಮ ಅತ್ತೆ, ಅಂದರೆ ಅವರ ತಾಯಿ, ಮಗನ ಚಿತ್ರಗಳನ್ನು ನೋಡುತ್ತಲೇ ಇರಲಿಲ್ಲ. ಟಿಕೆಟ್ ಕೊಂಡು ಮಗನ ಸಾವು ನೋಡಲು ಯಾವ ತಾಯಿ ಹೋದಾಳು? ಇದೊಂದಕ್ಕೆ ಹೇಗೋ ಒಪ್ಪಿಸಿ ಕರೆದುಕೊಂಡು ಹೋದೆವು. ಗೋದಾಮಿನ ಅಟ್ಟದಿಂದ ಮಗ ಬಿದ್ದದ್ದೇ ತಡ, ಅವರು ಎದ್ದು ನಿಂತು ಯಾರಾದ್ರೂ ನೀರು ತನ್ನಿ ಎಂದು ಕೂಗಿದರು. ಪಕ್ಕದ ಕುರ್ಚಿಯಲ್ಲಿ ಕಡಲೆಕಾಯಿ ತಿನ್ನುತ್ತ ಕೂತಿದ್ದ ಮಗ, "ಅಮ್ಮಾ, ಇಲ್ಲೇ ಇದ್ದೀನಲ್ಲ" ಎಂದು ಕೈ ಹಿಡಿದರೆ, "ನೀನು ಸುಮ್ನಿರಪ್ಪ, ಅಲ್ಲಿ ಬಿದ್ದಿರೋನ್ನ ಯಾರೂ ನೋಡ್ತಾನೇ ಇಲ್ಲ" ಎಂದು ಅಳು ಮುಂದುವರಿಸಿದರು. ಕೊನೆಯಲ್ಲಿ ಜನರ ನಡುವೆ ಆ ಮುಖ ಕಾಣಿಸಿತು ನೋಡಿ, "ಎದ್ದು ಬಂದ ಕಣೇ" ಎಂದು ನನ್ನ ತೊಡೆಗೆ ಹೊಡೆದ ಹೊಡೆತ ಯಾವ ಹೀರೋ ಹೊಡೆತಕ್ಕೂ ಕಡಿಮೆಯಿರಲಿಲ್ಲ. ಅಂದಿನಿಂದ ಮಗ ಯಾವ ಚಿತ್ರದಲ್ಲಿ ಸತ್ತ ಸುದ್ದಿ ಬಂದರೂ ಅವರಿಗೆ ಚಿಂತೆಯಿಲ್ಲ. "ಅದ್ರಲ್ಲೂ ಎದ್ದಿರ್ತಾನೆ, ನಿಮಗೆ ತೋರಿಸಿಲ್ಲ ಅಷ್ಟೆ" ಎಂದು ಹೇಳಿ ಮಗ್ಗುಲು ಬದಲಿಸಿ ಮಲಗುತ್ತಾರೆ.

ಈಗ ಆ ಚಿತ್ರ ಮತ್ತೆ ಬರುತ್ತಿದೆಯೆಂದು ಕೇಳಿ, ಅತ್ತೆಯವರು ಮೊಣಕಾಲಿನ ಡಾಕ್ಟರ ಬಳಿ ಪರಿಚಯವಾದ ಗೆಳತಿಯರನ್ನೆಲ್ಲ ಕರೆದು ಒಂದು ಸಾಲು ಕುರ್ಚಿ ಹಿಡಿಸಿದ್ದಾರೆ. ತಾವು ಅಳಿಸಿದ ಸುದ್ದಿಯನ್ನು ಯಜಮಾನರಿಗೆ ಓದಿ ಹೇಳಿದೆ. "ಬಿಡೇ, ಸಾಯೋದೇ ನನ್ನ ಕೆಲಸ ಅಲ್ವಾ" ಎಂದು ನಕ್ಕವರು, ಆಮೇಲೆ ಒಂದೇ ಪ್ಯಾಂಟಿಗೆ ಎರಡು ಸಲ ಇಸ್ತ್ರಿ ಹಾಕಿದರು. ಅದನ್ನು ನೋಡಿಯೇ ಈ ಪತ್ರ ಬರೆಯಲು ಕೂತೆ.

ಮಾನ್ಯರೇ, ತಾವು ಲೆಕ್ಕದಲ್ಲಿ ನಿಪುಣರು, ಆದ್ದರಿಂದ ಲೆಕ್ಕದಲ್ಲೇ ಅರಿಕೆ ಮಾಡಿಕೊಳ್ಳುತ್ತೇನೆ. ಗೋದಾಮಿಗೆ ನುಗ್ಗುವ ಮುನ್ನ ಹೀರೋ ತನ್ನ ರಿವಾಲ್ವರನ್ನು ಗಿರ್ರನೆ ತಿರುಗಿಸಿ ಅದರ ಆರು ತೂತುಗಳನ್ನು ನಮಗೆಲ್ಲ ಹತ್ತಿರದಿಂದ ತೋರಿಸುತ್ತಾನೆ. ಒಳಗೆ ಹೋದವನು ಮತ್ತೆ ಗುಂಡು ತುಂಬುವುದಿಲ್ಲ. ತುಂಬಲು ಕೈಯಾದರೂ ಎಲ್ಲಿದೆ, ಇನ್ನೊಂದು ಕೈಯಲ್ಲಿ ಹೀರೋಯಿನ್ ಇದ್ದಾಳೆ. ಆದರೂ ಹನ್ನೆರಡು ಜನ ಬೀಳುತ್ತಾರೆ. ಹೆಸರಿಗೆ ಮೊದಲೇಟಾದರೂ ಅಂದು ನಮ್ಮ ಯಜಮಾನರ ಸರದಿ ಹತ್ತನೆಯದು. ಆರರ ನಂತರದ ಗುಂಡು ಇಲ್ಲವೇ ಇಲ್ಲವೆಂದ ಮೇಲೆ, ಇಲ್ಲದ ಗುಂಡಿಗೆ ಅವರು ಸಾಯುವುದು ಹೇಗೆ? ಅವರು ಕಾಲು ಜಾರಿ ಬಿದ್ದರು, ಅಷ್ಟೆ. ಬಿದ್ದದ್ದು ಖಾಲಿ ರಟ್ಟಿನ ಪೆಟ್ಟಿಗೆಗಳ ರಾಶಿಯ ಮೇಲೆ, ಅದು ಪರದೆಯಲ್ಲೇ ಕಾಣುತ್ತದೆ. ಎದ್ದು ಧೂಳು ಕೊಡವಿಕೊಂಡರು, ಖಳನಾಯಕನ ಸಹವಾಸ ಸಾಕೆನಿಸಿತು, ಒಳ್ಳೆಯ ಅಂಗಿ ಹಾಕಿಕೊಂಡು ಒಳ್ಳೆಯವರ ಜೊತೆ ನಿಂತರು. ಮನಸ್ಸು ಬದಲಾದ ಮನುಷ್ಯ ಇಡೀ ಚಿತ್ರದಲ್ಲಿ ಅವರೊಬ್ಬರೇ. ತಾವು ಅಳಿಸಿದ್ದು ಆ ಚಿತ್ರದಲ್ಲಿದ್ದ ಒಂದೇ ಒಂದು ಸರಿಯನ್ನು.

ಆದಕಾರಣ ಅವರನ್ನು ಅವರ ಜಾಗದಲ್ಲಿ ಮರಳಿ ನಿಲ್ಲಿಸಬೇಕೆಂದೂ, ಸಾಧ್ಯವಾದರೆ ಅವರು ಪೆಟ್ಟಿಗೆಗಳ ಮೇಲಿಂದ ಎದ್ದು ನೀರು ಕುಡಿಯುವ ಚಿಕ್ಕ ದೃಶ್ಯವೊಂದನ್ನು ಸೇರಿಸಬೇಕೆಂದೂ ಪ್ರಾರ್ಥಿಸುತ್ತೇನೆ. ಎರಡು ಮಹಡಿ ಕಟ್ಟಿದವರಿಗೆ ಒಂದು ಲೋಟ ನೀರು ಭಾರವಾಗಲಾರದು. ಇಲ್ಲ, ಸತ್ತವರು ಬರಕೂಡದೆಂಬುದೇ ನಿಯಮ ಎನ್ನುವುದಾದರೆ ಅದು ಎಲ್ಲರಿಗೂ ಒಂದೇ ಇರಲಿ. ಮಧ್ಯಂತರಕ್ಕೆ ಮೊದಲು ಹೀರೋ ಎದೆಗೆ ಹತ್ತಿರದಿಂದಲೇ ಗುಂಡು ಬೀಳುತ್ತದೆ. ಅಲ್ಲಿಂದ ಮುಂದೆ ಅವನನ್ನೂ ಅಳಿಸಿ, ಉಳಿದ ಚಿತ್ರ ಹೇಗೆ ಓಡುತ್ತದೋ ನೋಡೋಣ.

ತಮ್ಮ ವಿಶ್ವಾಸಿ,
ಮೊದಲೇಟಿನವರ ಹೆಂಡತಿ

ತಾಜಾ ಕಲಂ: ಅತ್ತೆಯವರಿಗೆ ಈ ವಿಷಯ ತಿಳಿಸಿಲ್ಲ, ತಿಳಿಸುವ ಧೈರ್ಯ ನಮ್ಮಿಬ್ಬರಿಗೂ ಇಲ್ಲ. ಕೊನೆಯ ದೃಶ್ಯದಲ್ಲಿ ಮಗ ಕಾಣದೆ ಹೋದರೆ ಅವರು ಜಗಳವಾಡುವವರಲ್ಲ. ದೀಪ ಹತ್ತಿದ ಮೇಲೂ, ಜನರೆಲ್ಲ ಹೋದ ಮೇಲೂ, ಇನ್ನೇನು ಬರ್ತಾನೆ, ಅಂಗಿ ಬದಲಿಸೋಕೆ ಹೊತ್ತಾಗಿರ್ಬೇಕು ಎನ್ನುತ್ತ ಖಾಲಿ ಪರದೆ ನೋಡಿಕೊಂಡು ಕೂತೇ ಇರುತ್ತಾರೆ. ಅವರನ್ನು ಅಲ್ಲಿಂದ ಎಬ್ಬಿಸುವುದು ನನ್ನಿಂದಾಗದು, ಮಗನಿಂದಂತೂ ಆಗದು. ದಯವಿಟ್ಟು ತಾವೇ ಬಂದು ಎಬ್ಬಿಸಬೇಕು.