ಶಿರಂಗಾಲದಲ್ಲಿ ಕಾಯುತ್ತಿದ್ದ ಗಂಡ

ಸುಮಿತಾ ಆಂಟಿ ಆ ಒಂದು ಬುದ್ಧಿಮಾತು ಹೇಳದೇ ಇದ್ದಿದ್ದರೆ ಮಿಯುಕಿ ತನ್ನ ಪಾಡಿಗೆ ತಾನು ಲಾಡ್ಜಿನ ಕೋಣೆಯಲ್ಲಿ ಬಿಸ್ಕತ್ತು ತಿಂದುಕೊಂಡು ಇರುತ್ತಿದ್ದಳು. ಆದರೆ ಆಂಟಿ ಹೇಳಿದ್ದರು. ಒಂದು ಸಲವಲ್ಲ, ಹುಡುಗಿ ಜಪಾನಿನಲ್ಲಿ ವಿಮಾನ ಹತ್ತುವ ತನಕ ಹೇಳುತ್ತಲೇ ಇದ್ದರು.

"ನೋಡು ಮರಿ, ಒಬ್ಳೇ ಬಂದಿದ್ದೀನಿ ಅಂತ ಮಾತ್ರ ಯಾರ ಹತ್ರನೂ ಬಾಯಿ ಬಿಡ್ಬೇಡ. ಯಾರಾದ್ರೂ ಕೇಳಿದ್ರೆ ಗಂಡ ಕಾಯ್ತಿದ್ದಾನೆ ಅನ್ನು. ಗಂಡ ಅಂದ್ರೆ ಸಾಕು, ನಮ್ಮ ಕಡೆ ಯಾರೂ ಮುಂದಕ್ಕೆ ಕೇಳಲ್ಲ."

ಆಂಟಿ ವಿರಾಜಪೇಟೆ ಬಿಟ್ಟು ಜಪಾನಿನ ಯೋಕೋಹಾಮಾ ಸೇರಿ ಇಪ್ಪತ್ತು ವರ್ಷವಾಗಿತ್ತು. ನಮ್ಮ ಜನ ಕೇಳುವುದಕ್ಕೆ ಶುರು ಮಾಡುವುದೇ ಗಂಡ ಅಂದ ಮೇಲೆ ಎಂಬುದನ್ನು ಪಾಪ ಮರೆತೇಬಿಟ್ಟಿದ್ದರು.

ಮಿಯುಕಿ ಅವರ ಪಕ್ಕದ ಮನೆಯ ಹುಡುಗಿ. ಕೃಷಿ ಓದುತ್ತಿದ್ದಳು. ಆಂಟಿಯ ಹತ್ತಿರ ಎರಡು ವರ್ಷ ಕೂತು ಕನ್ನಡ ಕಲಿತಿದ್ದಳು. ಅಮ್ಮತ್ತಿಯ ಒಂದು ಕಾಫಿ ಬೆಳೆಗಾರರ ಮನೆಯಲ್ಲಿ ಮನೆಯವರ ಹಾಗೆಯೇ ಇದ್ದು ಮೆಣಸು, ಕಾಫಿ ನೋಡಿ ಬರಬೇಕೆಂದು ಕೊಡಗಿಗೆ ಬಂದಿದ್ದಳು. ಆ ಮನೆಯವರು ಯಾವುದೋ ಮದುವೆಗೆ ಹೋಗಿದ್ದರಿಂದ, ಅವಳನ್ನು ಕರೆತಂದಿದ್ದ ಸಂಸ್ಥೆಯ ಅಮೃತಾ ಮೇಡಂ ಅವಳನ್ನು ಕುಶಾಲನಗರದ ಲಾಡ್ಜಿನಲ್ಲಿ ಇಳಿಸಿ, "ಸೋಮವಾರ ಬೆಳಿಗ್ಗೆ ಬಂದು ಕರ್ಕೊಂಡು ಹೋಗ್ತೀನಿ. ಅಲ್ಲೀವರೆಗೂ ಊರು ಬಿಟ್ಟು ಎಲ್ಲಿಗೂ ಹೋಗ್ಬೇಡಿ. ಏನಾದ್ರೂ ಎಡವಟ್ಟಾದ್ರೆ ನಿಮ್ಮನ್ನ ವಾಪಸ್ ಜಪಾನಿಗೆ ಕಳಿಸ್ಬೇಕಾಗುತ್ತೆ" ಎಂದು ಹೇಳಿ ಹೋಗಿದ್ದರು.

ವಾಪಸ್ ಎಂಬ ಮಾತು ಕೇಳಿದಾಗಿನಿಂದ ಹುಡುಗಿಗೆ ಎಲ್ಲದಕ್ಕೂ ಹೆದರಿಕೆ. ಎರಡು ದಿನ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ನಲ್ಲಿ ನೀರಿಗೆ ಹೆದರಿದಳು, ಫ್ಯಾನಿನ ಸದ್ದಿಗೆ ಹೆದರಿದಳು, ರೂಮ್ ಗುಡಿಸಲು ಬಂದ ಹೆಂಗಸು "ಊಟ ಆಯ್ತಾ?" ಎಂದು ಕೇಳಿದ್ದಕ್ಕೂ ಹೆದರಿದಳು. ಇವಳಿಗೇಕೆ ನನ್ನ ಊಟದ ವಿಚಾರ ಎಂದು ಬಾಗಿಲಿಗೆ ಕುರ್ಚಿ ಒತ್ತಿಟ್ಟು ಮಲಗಿದಳು.

ಭಾನುವಾರ ಬಿಸ್ಕತ್ತು ಮುಗಿಯಿತು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದ ಮೇಲೆ, ಎಲ್ಲಿಂದಲೋ ಒಂದು ಚೂರು ಧೈರ್ಯ ಬಂತು. ಅಲ್ಲೇ ಹತ್ತಿರ ಕೂಡಿಗೆಯಲ್ಲಿ ಎರಡು ಹೊಳೆ ಸೇರುತ್ತವಂತೆ, ನೋಡಿಕೊಂಡು ಮಧ್ಯಾಹ್ನದೊಳಗೆ ಬಂದುಬಿಟ್ಟರೆ ಅಮೃತಾ ಮೇಡಂಗೆ ತಿಳಿಯುವುದಾದರೂ ಹೇಗೆ? "ಕೂಡಿಗೆ, ಹೆಬ್ಬಾಲೆ, ಶಿರಂಗಾಲ!" ಎಂದು ಕೂಗುತ್ತಿದ್ದ ಕಂಡಕ್ಟರ್ ಲಿಂಗನ ಬಸ್ಸು ಹತ್ತಿ ಕೂಡಿಗೆಗೆ ಟಿಕೆಟ್ ತೆಗೆದುಕೊಂಡು ಕೂತಳು.

ಪಕ್ಕದಲ್ಲಿ ಮುದ್ದಿ ಎಂಬುವಳು ಕೂತಿದ್ದಳು. ಶಿರಂಗಾಲದವಳು, ಅರವತ್ತು ದಾಟಿದ ಗಟ್ಟಿ ಹೆಂಗಸು. ರೇಷ್ಮೆ ಸೀರೆ ಉಟ್ಟು, ಮಡಿಲಲ್ಲಿ ಹೂವಿನ ಪೊಟ್ಟಣ ಇಟ್ಟುಕೊಂಡಿದ್ದಳು. ಮಿಯುಕಿಯ ಮುಖ ನೋಡಿದ್ದೇ, "ಕ್ಯಾಂಪಿನೋಳೇನವ್ವಾ?" ಎಂದಳು. ಬೈಲುಕುಪ್ಪೆಯ ಟಿಬೆಟಿನವರ ಕ್ಯಾಂಪ್ ಪಕ್ಕದಲ್ಲೇ ಇರುವುದರಿಂದ ಅಂಥ ಮುಖಕ್ಕೆ ಆ ಕಡೆಯ ಜನಕ್ಕೆ ಬೇರೆ ಊರು ಹೊಳೆಯುವುದೇ ಇಲ್ಲ.

"ಅಲ್ಲ. ನಾನು ಜಪಾನ್ ದೇಶದವಳು."

"ಅಯ್ಯ! ಅಷ್ಟು ದೂರದಿಂದ ಒಬ್ಳೇ ಬಂದ್ಯಾ?"

ಬಂತು ನೋಡಿ ಆ ಪ್ರಶ್ನೆ. ಮಿಯುಕಿ ಆಂಟಿಯ ಮಾತು ನೆನೆಸಿಕೊಂಡಳು. ಹಿಂದಿನ ಸೀಟಿನವರೂ ಮುಂದಕ್ಕೆ ಬಾಗಿ ಕೇಳಿಸಿಕೊಳ್ಳುತ್ತಿದ್ದರು. "ಇಲ್ಲ. ನನ್ನ ಪತಿಯವರು ಕಾಯುತ್ತಿದ್ದಾರೆ" ಎಂದಳು.

ಡ್ರೈವರ್ ಹಾಡಿನ ಸೌಂಡ್ ಕಡಿಮೆ ಮಾಡಿದ.

"ಎಲ್ಲಿ ಕಾಯ್ತಾವ್ನೆ?"

ಕೂಡಿಗೆ ಎಂದರೆ ಇಳಿದಾಗ ಅಲ್ಲಿ ಯಾರೂ ಇರುವುದಿಲ್ಲ, ಸುಳ್ಳು ಗೊತ್ತಾಗಿಬಿಡುತ್ತದೆ. ಎಲ್ಲಾದರೂ ದೂರದ ಊರು ಹೇಳಬೇಕು. ಹತ್ತುವಾಗ ಬಸ್ಸಿನ ಬೋರ್ಡಿನಲ್ಲಿ ಕೊನೆಗೆ ಬರೆದಿದ್ದ ಊರು ನೆನಪಿಗೆ ಬಂತು. "ಶಿರಂಗಾಲದಲ್ಲಿ."

"ನಮ್ಮೂರಲ್ಲಾ! ಯಾರವ್ವಾ? ಹೆಸರೇನು?"

ಮಿಯುಕಿಗೆ ಗೊತ್ತಿದ್ದ ಗಂಡಸರ ಕನ್ನಡ ಹೆಸರು ಒಂದೇ. ಆಂಟಿಯ ಪಾಠದಲ್ಲಿ 'ಧರ್ಮೇಶನು ಮಾವಿನಹಣ್ಣನ್ನು ತಿಂದನು' ಎಂಬ ವಾಕ್ಯವನ್ನು ನೂರು ಸಲ ಬರೆದಿದ್ದಳು. "ಧರ್ಮೇಶ್" ಎಂದಳು.

"ಕಾಳಮ್ಮನ ಮಗ ಧರ್ಮೇಶನಾ?"

ಹೌದೆಂದರೆ ಮಾತು ಮುಗಿಯುತ್ತದೆ ಎಂದುಕೊಂಡು ಹುಡುಗಿ ತಲೆಯಾಡಿಸಿದಳು. ಮುದ್ದಿ ಎರಡೂ ಕೈಯಲ್ಲಿ ಎದೆ ಹಿಡಿದುಕೊಂಡಳು.

"ಅಯ್ಯೋ ನನ್ನಪ್ಪನೇ! ಇವತ್ತು ಅವ್ನಿಗೆ ಎಲೆ ಅಡಿಕೆ ಶಾಸ್ತ್ರ! ಹೆಣ್ಣಿನ ಕಡೆಯೋರು ಬಂದು ಕೂತವ್ರೆ! ನಾನು ಹೋಯ್ತಿರೋದೇ ಆ ಊಟಕ್ಕೆ!"

ಸಂಗತಿ ಏನೆಂದರೆ, ಶಿರಂಗಾಲದಲ್ಲಿ ಆ ಹೆಸರಿನವನು ಅವನೊಬ್ಬನೇ. ಶುಂಠಿ ಬೆಳೆಯುತ್ತಿದ್ದ, ಮೈಬಗ್ಗಿಸಿ ದುಡಿಯುತ್ತಿದ್ದ. ಆದರೆ ಹೊಲ ಮಾಡುವ ಹುಡುಗನಿಗೆ ಈಗ ಯಾರು ಹೆಣ್ಣು ಕೊಡುತ್ತಾರೆ? ಅವನ ತಾಯಿ ಕಾಳಮ್ಮ ಏಳೆಂಟು ವರ್ಷ ಅಲೆದು ಚಪ್ಪಲಿ ಸವೆಸಿ, ಕೊನೆಗೂ ಆಶಾರಾಣಿ ಎಂಬ ಹುಡುಗಿಯನ್ನು ಗೊತ್ತು ಮಾಡಿದ್ದಳು.

"ಅದ್ಕೇ ಇಷ್ಟು ವರ್ಷ ಒಂದು ಹೆಣ್ಣೂ ಕೂಡಿಬರ್ಲಿಲ್ಲ!" ಎಂದ ಲಿಂಗ, ಟಿಕೆಟ್ ಕೊಡುವುದನ್ನೂ ಮರೆತು. "ಒಳಗೊಳಗೇ ಜಪಾನಲ್ಲಿ ಸಂಸಾರ ಮಾಡಿಟ್ಟವ್ನೆ ನನ್ಮಗ!"

ಅಷ್ಟರಲ್ಲಿ ಕೂಡಿಗೆ ಬಂತು. ಮಿಯುಕಿ ದಡಬಡಿಸಿ ಎದ್ದಳು. "ನಾನು ಇಲ್ಲಿ ಇಳಿಯಬೇಕು!"

"ಗಂಡ ಇರೋದು ಶಿರಂಗಾಲದಲ್ಲಿ. ಇಲ್ಲಿಳಿದು ಏನ್ಮಾಡ್ತೀಯವ್ವಾ?"

"ನಾನು ಹೊಳೆಯ ಹತ್ತಿರ ಹೋಗಬೇಕು."

ಮುದ್ದಿ ಕಿಟಾರನೆ ಕಿರುಚಿದಳು. "ಹಿಡ್ಕೊಳ್ರೋ! ಹೊಳೆಗೆ ಬೀಳ್ತಾಳಂತೆ!"

ಮುಂದಿನ ಸೀಟಿನ ಇಬ್ಬರು ಹೆಂಗಸರು ಎದ್ದು ಬಂದು ಅವಳನ್ನು ನಡುವೆ ಕೂರಿಸಿ ರೆಟ್ಟೆ ಹಿಡಿದರು. ಯಾರೋ ಬಾಟಲಿಯಲ್ಲಿ ನೀರು ಕೊಟ್ಟರು, ಯಾರೋ ಬಾಳೆಹಣ್ಣು ಸುಲಿದು ಬಾಯಿಗಿಟ್ಟರು. "ಸಾಯೋ ಅಂಥದ್ದು ಏನಾಗೈತೆ ಮಗಾ? ನಾವಿಲ್ವಾ?" ಎಂದು ಮುದ್ದಿ ತಲೆ ಸವರಿದಳು. ಬಸ್ಸು ಕೂಡಿಗೆ ದಾಟಿ ಹೊರಟೇಬಿಟ್ಟಿತು. ಇವರು ನನ್ನನ್ನು ಎಲ್ಲಿಗೆ ಒಯ್ಯುತ್ತಿದ್ದಾರೆ? ಕೊನೆಗೆ ಮಿಯುಕಿ ಹೆದರಿಕೆಯಲ್ಲಿ ಇದ್ದ ನಿಜವನ್ನೇ ಹೇಳಿಬಿಟ್ಟಳು.

"ನಾನು ಸುಳ್ಳು ಹೇಳಿದೆ. ನನಗೆ ಪತಿಯಿಲ್ಲ. ಧರ್ಮೇಶ್ ಎಂಬವರನ್ನು ನಾನು ನೋಡಿಯೇ ಇಲ್ಲ!"

ಮುದ್ದಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೇಳಿದ್ರಾ? ಗಂಡನೇ ಇಲ್ಲ ಅಂತಾಳೆ, ಮುಖನೇ ನೋಡಿಲ್ಲ ಅಂತಾಳೆ. ಎಷ್ಟು ನೊಂದಿರ್ಬೇಕು ಆ ಜೀವ."

ಆಗಲೇ ಫೋನು ಬಡಿದುಕೊಂಡಿತು. ಅಮೃತಾ ಮೇಡಂ. ಇಡೀ ಬಸ್ಸು ಕಿವಿಯಾಗಿ ಕೂತಿತು. ಮಿಯುಕಿ ಎತ್ತಿದಳು. "ಹೌದು ಮೇಡಂ... ಕುಶಾಲನಗರದ ಲಾಡ್ಜಿನಲ್ಲೇ ಇದ್ದೇನೆ... ಇಲ್ಲ, ಎಲ್ಲಿಗೂ ಹೋಗಿಲ್ಲ... ಈ ಸದ್ದೇ? ಫ್ಯಾನು, ಮೇಡಂ."

ಫೋನಿಟ್ಟಾಗ ಅವಳ ಕಣ್ಣಲ್ಲಿ ನೀರು ತುಂಬಿತ್ತು. "ತೌರಿನೋರಿಗೂ ಹೇಳ್ಕೊಂಡಿಲ್ಲ ಪಾಪ," ಎಂದಳು ಪಕ್ಕದ ಹೆಂಗಸು. "ಮಾನಸ್ಥರ ಮನೆ ಹುಡುಗಿ."

ಹೆಬ್ಬಾಲೆಯಲ್ಲಿ ಇಳಿಯಬೇಕಾದವರು ಒಬ್ಬರೂ ಇಳಿಯಲಿಲ್ಲ. ನ್ಯಾಯ ಏನಾಗುತ್ತದೆಂದು ನೋಡದೆ ಇಳಿದರೆ ಮನೆಯಲ್ಲಿ ಅನ್ನ ಸೇರುತ್ತದೆಯೇ? ಬಸ್ಸು ಶಿರಂಗಾಲದ ಸ್ಟಾಪಿನಲ್ಲಿ ನಿಲ್ಲದೆ ಸೀದಾ ಕಾಳಮ್ಮನ ಮನೆಯ ಶಾಮಿಯಾನದ ಮುಂದೆ ಹೋಗಿ ನಿಂತಿತು.

ಆ ಹೊತ್ತಿಗೆ ಮಿಯುಕಿಗೆ ಒಂದೇ ಒಂದು ಆಸೆ ಉಳಿದಿತ್ತು. ಆ ಧರ್ಮೇಶ ಎಂಬವನು ಬಂದು ನಿಲ್ಲಲಿ. ತನ್ನನ್ನು ನೋಡಲಿ. ಈಕೆ ಯಾರೋ ನನಗೆ ಗೊತ್ತಿಲ್ಲ ಎಂದು ಒಂದು ಮಾತು ಹೇಳಲಿ. ಬೈಯಲಿ ಬೇಕಾದರೆ, ಪರವಾಗಿಲ್ಲ. ಇದೇ ಬಸ್ಸಿನಲ್ಲಿ ವಾಪಸ್ ಹೋಗಿ ಕೋಣೆ ಸೇರಿ ಕುರ್ಚಿ ಒತ್ತಿಟ್ಟುಕೊಂಡರೆ ಅಮೃತಾ ಮೇಡಂಗೂ ಗೊತ್ತಾಗುವುದಿಲ್ಲ, ಅಮ್ಮತ್ತಿಯೂ ತಪ್ಪುವುದಿಲ್ಲ. ಲೋಕದಲ್ಲಿ ತನ್ನನ್ನು ಉಳಿಸಬಲ್ಲವನು ಅವನೊಬ್ಬನೇ.

ಶಾಮಿಯಾನದ ಕೆಳಗೆ ಆಶಾರಾಣಿಯ ಅಪ್ಪ, ಚಿಕ್ಕಪ್ಪಂದಿರು ಕಾಫಿ ಕುಡಿಯುತ್ತಿದ್ದರು. ತಟ್ಟೆಯಲ್ಲಿ ಎಲೆ ಅಡಿಕೆ ಜೋಡಿಸಿಕೊಂಡು ಕಾಳಮ್ಮ ಹೊರಗೆ ಬಂದಳು. ಬಸ್ಸಿನಿಂದ ನಲವತ್ತು ಜನ ಇಳಿದದ್ದು ನೋಡಿ, ಇಷ್ಟು ಜನಕ್ಕೆ ಸಾರು ಸಾಲುತ್ತದೆಯೇ ಎಂದು ಅವಳಿಗೆ ಮೊದಲು ದಿಗಿಲಾಯಿತು.

"ಕಾಳಮ್ಮಕ್ಕಾ, ತಟ್ಟೆ ಕೆಳಗಿಡು," ಎಂದು ಮುದ್ದಿ ಮಿಯುಕಿಯನ್ನು ಮುಂದಕ್ಕೆ ತಳ್ಳಿದಳು. "ನಿನ್ನ ಸೊಸೆ ಇಲ್ಲವ್ಳೆ ನೋಡು. ಕುಶಾಲನಗರದ ಲಾಡ್ಜಲ್ಲಿದ್ಲಂತೆ, ಹೊಳೆಗೆ ಬೀಳೋಕೆ ಹೋಗಿದ್ಲು, ನಾವು ಹಿಡ್ಕೊಂಡು ಬಂದ್ವಿ."

ಆಶಾರಾಣಿಯ ಅಪ್ಪನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಕಾಳಮ್ಮ ಇಡೀ ಬೀದಿಗೆ ಕೇಳುವಂತೆ, "ಲೋ ಧರ್ಮಾ! ಎಲ್ಲಿ ಸತ್ಯೋ? ಬಾರೋ ಹೊರಗೆ!" ಎಂದು ಕೂಗಿದಳು.

ಹೊಸ ಅಂಗಿ ತೊಟ್ಟ ಧರ್ಮೇಶ ಹಿಂದಿನ ಕೊಟ್ಟಿಗೆಯಿಂದ ಬಂದ. ಮದುವಣಿಗನಿಗೆ ಅಲ್ಲೇನು ಕೆಲಸವಿತ್ತೋ, ತಲೆಯ ಮೇಲೆಲ್ಲ ಹುಲ್ಲು. ಒಳ್ಳೆಯ ಮುಖ, ಆದರೆ ಜ್ವರ ಬಂದವನ ಹಾಗೆ ಬಾಡಿತ್ತು.

"ಇವಳು ಯಾರೋ?" ಎಂದು ಕಾಳಮ್ಮ ಗದರಿದಳು. "ಕಟ್ಕೊಂಡಿದ್ದೀಯಂತೆ? ನನ್ನ ತಲೆ ಮೇಲೆ ಕೈಯಿಟ್ಟು ನಿಜ ಹೇಳು."

ಧರ್ಮೇಶ ಮಿಯುಕಿಯನ್ನು ನೋಡಿದ. ಆಶಾರಾಣಿಯ ಅಪ್ಪನನ್ನು ನೋಡಿದ. ತಟ್ಟೆಯಲ್ಲಿದ್ದ ಎಲೆ ಅಡಿಕೆ ನೋಡಿದ. ಮಿಯುಕಿ ದೇವರ ಮುಂದೆ ನಿಂತವಳ ಹಾಗೆ ಕೈ ಜೋಡಿಸಿ, "ದಯವಿಟ್ಟು ನಿಜವನ್ನು ಹೇಳಿ" ಎಂದು ಬೇಡಿಕೊಂಡಳು.

ಅವನು ತಾಯಿಯ ತಲೆಯ ಮೇಲೆ ಕೈ ಇಡಲಿಲ್ಲ. ತಲೆ ತಗ್ಗಿಸಿದ. "ಹೌದು ಕಣವ್ವ," ಎಂದ. "ಇವ್ಳೇ ನನ್ನ ಹೆಂಡ್ತಿ."

ಮಿಯುಕಿಗೆ ಶಾಮಿಯಾನವೇ ಗಿರ್ರನೆ ತಿರುಗಿದಂತಾಯಿತು. ಬೀಳುತ್ತಾಳೆಂದು ಹಿಡಿದುಕೊಳ್ಳುವ ನೆಪದಲ್ಲಿ ಧರ್ಮೇಶ ಹತ್ತಿರ ಬಂದು ಕಿವಿಯಲ್ಲಿ ಉಸುರಿದ. "ಮೇಡಂ, ನೀವ್ಯಾರೋ ನಂಗೊತ್ತಿಲ್ಲ. ಆ ಹುಡುಗೀಗೆ ಈ ಮದ್ವೆ ಇಷ್ಟ ಇಲ್ವಂತೆ, ಫೋನ್ ಮಾಡಿ ಅತ್ಬಿಟ್ಲು. ನಮ್ಮವ್ವಂಗೆ ಹೇಳೋ ಧೈರ್ಯ ಇಲ್ದೆ ಕೊಟ್ಟಿಗೇಲಿ ಬಚ್ಚಿಟ್ಕೊಂಡಿದ್ದೆ. ನಿಮ್ಮ ಕಾಲಿಗೆ ಬೀಳ್ತೀನಿ, ಒಂದೆರಡು ದಿನ ಸುಮ್ನಿದ್ಬಿಡಿ."

ಅತ್ತ ಆಶಾರಾಣಿಯ ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಇಂಥ ಮನೆಗೆ ಹೆಣ್ಣು ಕೊಡೋದಾ, ಥೂ!" ಎಂದು ತನ್ನವರನ್ನೆಲ್ಲ ಜೀಪು ಹತ್ತಿಸಿದ. ಜೀಪು ಹೋದ ದಾರಿಯನ್ನು ಕಾಳಮ್ಮ ಒಂದು ಗಳಿಗೆ ನೋಡಿದಳು. ನೂರು ಜನಕ್ಕೆ ಬೇಯಿಸಿಟ್ಟ ಅಡುಗೆಯನ್ನು ನೋಡಿದಳು. ಆಮೇಲೆ ಅಷ್ಟು ವರ್ಷ ಹುಡುಕಿದರೂ ಸಿಗದೆ, ಈಗ ತಾನಾಗಿ ಬಸ್ಸು ಹತ್ತಿಕೊಂಡು ಬಂದ ಸೊಸೆಯನ್ನು ನೋಡಿದಳು.

"ಇವರು ಸುಳ್ಳು ಹೇಳುತ್ತಿದ್ದಾರೆ!" ಎಂದು ಮಿಯುಕಿ ಗಂಟಲು ಹರಿಯುವಂತೆ ಕೂಗಿದಳು. "ಇವರು ಮಹಾ ಹೇಡಿ!"

ಕಾಳಮ್ಮನ ಮುಖ ಅರಳಿತು. "ಏನು ಚಂದ ಬೈತಾಳ್ರೇ ಗಂಡನ್ನ, ಅದೂ ಕನ್ನಡದಲ್ಲಿ! ಇವ್ನಿಗೆ ಇಂಥೋಳೇ ಬೇಕಿತ್ತು. ಮುದ್ದಿ, ಆರತಿ ತಟ್ಟೆ ತಗೊಂಡು ಬಾ. ಏ ಲಿಂಗ, ಇವಳ ಸಾಮಾನು ಕುಶಾಲನಗರದ ಯಾವ್ದೋ ಲಾಡ್ಜಲ್ಲಿ ಐತಂತೆ, ಮುಂದಿನ ಟ್ರಿಪ್ಪಲ್ಲಿ ಎತ್ಕೊಂಡು ಬಂದ್ಬಿಡಪ್ಪಾ."

ಲಿಂಗ ಆಗಲೇ ಸೀಟಿ ಊದಿ ಡ್ರೈವರ್ ಕೈಲಿ ಬಸ್ಸು ತಿರುಗಿಸುತ್ತಿದ್ದ.