ನಾಲಿಗೆರಾಯರು ಹಾಲು ಬಿಟ್ಟದ್ದು

“ಕೇಳಿಸ್ಕೊಳ್ಳೇ, ಮಧ್ಯೆ ಬಾಯಿ ಹಾಕ್ಬೇಡ. ಇವತ್ತಿಂದ ಈ ಬಾಯಿಗೆ ಹಾಲಿಲ್ಲ, ಮೊಸರಿಲ್ಲ, ಬೆಣ್ಣೆ ಇಲ್ಲ. ಮೊಟ್ಟೆ, ಮಾಂಸ ಮೊದ್ಲೇ ಬಿಟ್ಟಾಯ್ತು, ಜೇನುತುಪ್ಪಾನೂ ಬಿಟ್ಟೆ ಅಂದ್ಕೋ. ಯಾಕೆ ಅಂತ ಕೇಳು. ಬೇಡ, ನಾನೇ ಹೇಳ್ತೀನಿ. ಮೂವತ್ನಾಲ್ಕು ವರ್ಷ ಡೈರೀಲಿ ಹಾಲಿನ ರುಚಿ ನೋಡ್ದೆ. ಟ್ಯಾಂಕರ್ ನೋಡ್ದೆ, ಕ್ಯಾನ್ ನೋಡ್ದೆ, ಒಂದು ದಿನಾನೂ ಕರು ನೋಡ್ಲಿಲ್ಲ! ಮೊನ್ನೆ ವಾಕಿಂಗ್ ಹೋದಾಗ ಆ ಕೊಟ್ಟಿಗೆ ಮುಂದೆ ನಿಂತೆ. ತಾಯಿ ಈ ಕಡೆ, ಕರು ಆ ಕಡೆ. ಹಗ್ಗ ಒಂದೇ ಒಂದು ಮೊಳ ಕಮ್ಮಿ. ಅದು ನಾಲಿಗೆ ಚಾಚ್ತಾ ಇದೆ, ಚಾಚ್ತಾ ಇದೆ, ತಾಯಿ ಸಿಗ್ತಿಲ್ಲ. ನನ್ನ ನಾಲಿಗೆಗೆ ಮೂವತ್ನಾಲ್ಕು ವರ್ಷ ಸಂಬಳ ಕೊಟ್ರು ಕಣೇ, ಅದರ ನಾಲಿಗೆಗೆ ಒಂದು ತೊಟ್ಟು ಕೊಡ್ಲಿಲ್ಲ! ಸಾಕು. ನಾನು ಬಿಟ್ಟೆ. ತಿಂಗಳೊಳಗೆ ನಿನ್ನನ್ನೂ ಬಿಡಿಸ್ತೀನಿ. ಈ ಬೀದಿಯನ್ನೇ ಬಿಡಿಸ್ತೀನಿ! ನಾನು ಒಂದ್ಸಲ ಫೇಲ್ ಅಂದ್ರೆ ಫೇಲೇ!”

ಇಷ್ಟೂ ಭಾಷಣ ನಡೆದದ್ದು ಅಡುಗೆಮನೆಯಲ್ಲಿ, ಬೆಳಗಿನ ಏಳು ಗಂಟೆಗೆ. ಕೇಳುಗರು ಇಬ್ಬರು: ಹೆಂಡತಿ ಮತ್ತು ಒಲೆಯ ಮೇಲಿನ ಹಾಲು. ಹಾಲು ಕೋಪಿಸಿಕೊಂಡು ಉಕ್ಕಿತು. ಹೆಂಡತಿ ಕೋಪಿಸಿಕೊಳ್ಳಲಿಲ್ಲ. ಒಲೆ ಆರಿಸಿದಳು, ಕಟ್ಟೆ ಒರೆಸಿದಳು, “ಮುಗೀತಾ? ಹಾಗಾದ್ರೆ ನಿಮ್ಗೆ ಕರೀ ಚಹಾ” ಎಂದಳು.

ಭಾಷಣ ಮಾಡಿದವರ ನಿಜವಾದ ಹೆಸರು ಅವರಿಗೇ ಮರೆತುಹೋಗುವಷ್ಟು ದಿನವಾಗಿತ್ತು. ಡೈರಿಯಲ್ಲಿ ಎಲ್ಲರೂ ಅವರನ್ನು ನಾಲಿಗೆರಾಯರು ಎನ್ನುತ್ತಿದ್ದರು. ಬೆಳಗಿನ ಜಾವ ಹಾಲಿನ ಕ್ಯಾನುಗಳು ಸಾಲಾಗಿ ಬಂದು ನಿಂತರೆ ರಾಯರು ಸೇನೆಯ ಪರಿಶೀಲನೆಗೆ ಹೊರಟ ಮಹಾರಾಜರಂತೆ ಬರುತ್ತಿದ್ದರು. ಮೊದಲು ಮುಚ್ಚಳ ಎತ್ತಿ ಮುಚ್ಚಳವನ್ನೇ ಮೂಸುವುದು, ಆಮೇಲೆ ಒಂದು ಚಮಚ ಬಾಯಿಗೆ ಹಾಕಿ ಕಣ್ಣು ಮುಚ್ಚುವುದು, ಪಕ್ಕಕ್ಕೆ ಉಗುಳಿ ತೀರ್ಪು ಕೊಡುವುದು. “ಸಾಯಂಕಾಲದ ಹಾಲು, ಕೊಬ್ಬು ನಾಲ್ಕು ಪರ್ಸೆಂಟ್, ಪಾಸ್!” ಯಂತ್ರ ಹೇಳುವ ಮೊದಲೇ ಇವರು ಹೇಳಿಬಿಡುತ್ತಿದ್ದರು. ಹಾಲು ಸರಿಯಿಲ್ಲದಿದ್ದರೆ ಕ್ಯಾನಿನ ಮೇಲೆ ಕೆಂಪು ಸೀಮೆಸುಣ್ಣದಿಂದ ದೊಡ್ಡ ಇಂಟು ಗುರುತು! ಹಾಲು ತಂದವನ ಮುಖ ಸಣ್ಣದಾದರೆ, “ನಾಳೆ ಇನ್ನೊಂದ್ಸಲ ತನ್ನಿ, ನೋಡೋಣ” ಎಂದು ಗಂಭೀರವಾಗಿ ಮುಂದಿನ ಕ್ಯಾನಿಗೆ ಹೋಗುತ್ತಿದ್ದರು.

ಇಂಥ ನಾಲಿಗೆಗೆ ಕರೀ ಚಹಾ ಎಂದರೆ ಹೇಗಿರಬೇಡ! ಹನ್ನೊಂದು ದಿನ ರಾಯರು ಅದನ್ನು ಕಷಾಯದಂತೆ ಕುಡಿದರು. ಹನ್ನೆರಡನೆಯ ದಿನ ಮಾತ್ರ ಕಿಟಕಿಯ ಬಳಿ ಕೂತು ನಿಟ್ಟುಸಿರಿಟ್ಟರು.

“ಏನೇ, ನಾವು ಟೈಲರ್ ಅಂಗಡಿ ಮಹಡಿ ಮೇಲೆ ಒಂದೇ ರೂಮಿನಲ್ಲಿ ಇದ್ವಲ್ಲ, ನೆನಪಿದೆಯಾ?”

“ಮಳೆ ಬಂದ್ರೆ ಬಕೆಟ್ ಇಟ್ಕೊಂಡು ಮಲಗ್ತಿದ್ವಿ. ಮರೆಯೋಕಾಗುತ್ತಾ?”

“ಮಗಳು ಹುಟ್ಟಿದ ವರ್ಷ. ಡೈರೀಲಿ ದಿನಾ ಅರ್ಧ ಲೀಟರ್ ಹಾಲು ಕೊಡೋರು. ಸಣ್ಣ ಕ್ಯಾನಲ್ಲಿ ನಾನು ತರ್ತಿದ್ದೆ. ಸೀಮೆಎಣ್ಣೆ ಸ್ಟವ್ ಮೇಲೆ ನೀನು ಚಹಾ ಮಾಡ್ತಿದ್ದೆ. ಆಹಾ, ಆ ಹಾಲು! ಅಂಥ ಹಾಲು ಆಮೇಲೆ ಈ ಭೂಮಿ ಮೇಲೆ ಬರ್ಲೇ ಇಲ್ಲ. ಅದನ್ನ ನೆನೆಸ್ಕೊಂಡೇ ಮೂವತ್ತು ವರ್ಷ ಹೊಸಬರಿಗೆ ಪಾಠ ಹೇಳ್ದೆ. ಎಲ್ಲಾ ಬಿಟ್ಟೆ, ಆ ನೆನಪು ಮಾತ್ರ ಬಿಡ್ತಿಲ್ಲ ನೋಡು.”

ಹೆಂಡತಿ ಹೆಣೆಯುತ್ತಿದ್ದ ಸ್ವೆಟರಿನಿಂದ ತಲೆ ಎತ್ತಿದಳು. ಏನೋ ಹೇಳಲು ಬಾಯಿ ತೆರೆದವಳು ಮತ್ತೆ ಮುಚ್ಚಿ, ಒಂದು ಸಾಲು ಹೆಣೆದಳು.

ರಾಯರನ್ನು ಕೊರೆಯುತ್ತಿದ್ದುದು ಚಹಾ ಒಂದೇ ಅಲ್ಲ. ನಲವತ್ತೊಂದು ವರ್ಷ ಗಂಡ ಹೆಂಡತಿಗೆ ಒಂದೇ ಪಾತ್ರೆಯಲ್ಲಿ ಚಹಾ ಕುದಿದಿತ್ತು. ಈಗ ಒಲೆಯ ಮೇಲೆ ಎರಡು ಪಾತ್ರೆ, ಎರಡು ಜರಡಿ, ಎರಡು ಹೊತ್ತು. ಅವಳದು ಆಗುವಾಗ ಇವರದು ಮುಗಿದಿರುತ್ತಿತ್ತು. ಎದುರುಬದುರು ಕೂತು ಹೀರುವ ಆ ಕಾಲು ಗಂಟೆಯೇ ಮನೆಯಿಂದ ಮಾಯ! ಕೊಟ್ಟ ಮಾತನ್ನು ಹಿಂತೆಗೆದುಕೊಳ್ಳುವಂತಿಲ್ಲ. ಅವಳನ್ನು ಈ ಕಡೆ ಎಳೆದುಕೊಳ್ಳುವುದೊಂದೇ ದಾರಿ.

“ನೀನೂ ಬಿಟ್ಬಿಡೇ.”

“ನಿಮ್ಮ ಕರು ಕಥೆ ಕೇಳಿ ನನ್ಗೂ ಅಯ್ಯೋ ಅನ್ನಿಸ್ತು. ಆದ್ರೆ ಮೊದ್ಲು ಬಾಯಿಗಿಡೋ ಹಾಗಿರೋ ಚಹಾ ಮಾಡಿ ತೋರ್ಸಿ. ಆಮೇಲೆ ನೋಡೋಣ.”

ಅಷ್ಟು ಸಾಕಾಯಿತು! ರಾಯರು ಪ್ರಯೋಗಶಾಲೆ ತೆರೆದರು. ಸೋಯಾ ರುಬ್ಬಿದರು, ಅಡುಗೆಮನೆ ಒದ್ದೆ ಗೋಣಿಚೀಲದ ವಾಸನೆ ಹೊಡೆಯಿತು. ಅಕ್ಕಿ ರುಬ್ಬಿ ಹಾಲು ತೆಗೆದರು, ಹೆಂಡತಿ ಅದರಲ್ಲಿ ಅವರ ಬಿಳಿ ಅಂಗಿಯ ಕಾಲರಿಗೆ ಗಂಜಿ ಹಾಕಿಬಿಟ್ಟಳು. ಪಕ್ಕದ ಮನೆಯ ನರ್ಸಮ್ಮನಿಗೆ ಒಂದು ಲೋಟ ಕೊಟ್ಟು ಅರ್ಧ ಗಂಟೆ ಉಪದೇಶ ಮಾಡಿದರು. ಆಕೆ ಅಂದಿನಿಂದ ಇವರ ಬಾಗಿಲ ಮುಂದೆ ಓಡುತ್ತಾ ಹೋಗತೊಡಗಿದಳು.

ಆದರೂ ರಾಯರು ಎದೆಗುಂದಲಿಲ್ಲ. ಡೈರಿಯ ಹಳೆಯ ಗೆಳೆಯರು ವರ್ಷಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರುವುದು ರೂಢಿ. ಈ ಸಲದ ಭಾನುವಾರ ಇವರ ಸರದಿ. ವ್ಯಾನ್ ಡ್ರೈವರು, ಬೆಣ್ಣೆ ವಿಭಾಗದ ಮೇಸ್ತ್ರಿ, ಕ್ಯಾನ್ ತೊಳೆಯುತ್ತಿದ್ದ ಕ್ಯಾನಣ್ಣ, ಮೂರು ಜನ ಸೇರಿದರೆ ನೂರು ವರ್ಷದ ಹಾಲು!

“ಈ ಮೂವರನ್ನೇ ಒಪ್ಪಿಸಿದ್ರೆ ಲೋಕ ಗೆದ್ದ ಹಾಗೆ. ಓಟ್ಸ್ ಹಾಲಿನ ಚಹಾ ಕೊಡ್ತೀನಿ. ಅವರು ಆಹಾ ಅಂದ್ರೆ ನೀನು ನನ್ನ ಪಾತ್ರೆಗೆ ಬರ್ಬೇಕು!”

“ಅವರು ಥೂ ಅಂದ್ರೆ?”

“ನಾನು ನಿನ್ನ ಪಾತ್ರೆಗೆ ಬರ್ತೀನಿ. ಮಾತು ಅಂದ್ರೆ ಮಾತು.”

ಆಡಿದ ಮೇಲೆ ರಾಯರು ನಾಲಿಗೆ ಕಚ್ಚಿಕೊಂಡರು. ಕರುವಿನ ನಾಲಿಗೆ ಕಣ್ಣ ಮುಂದೆ ಬಂತು.

ಭಾನುವಾರ ಮಧ್ಯಾಹ್ನ ಮೂರು ಗಂಟೆ. ಗೆಳೆಯರು ನಾಲ್ಕಕ್ಕೆ ಬರುವವರು. ರಾಯರು ಓಟ್ಸನ್ನು ಮಿಕ್ಸಿಗೆ ಹಾಕಿ ನುಣ್ಣಗಾಗಲಿ ಎಂದು ಹತ್ತು ನಿಮಿಷ ತಿರುಗಿಸಿದರು. ಆಮೇಲೆ ಗಟ್ಟಿಯಾಗಲಿ ಎಂದು ಕುದಿಸಿದರು. ಆಯಿತು! ಎಷ್ಟು ಗಟ್ಟಿಯಾಯಿತೆಂದರೆ ಚಮಚ ಪಾತ್ರೆಯ ನಡುವೆ ಧ್ವಜಸ್ತಂಭದ ಹಾಗೆ ನಿಂತಿತು. ಎಳೆದರೆ ಪಾತ್ರೆಯೇ ಒಲೆಬಿಟ್ಟು ಮೇಲೆದ್ದು ಬಂತು.

ಮಗಳು, ಎರಡು ಬೀದಿ ಆಚೆ ಇರುವ ಶಾಲೆಯ ಟೀಚರು, ಅಷ್ಟು ಹೊತ್ತಿಗೆ ಬಿಸ್ಕತ್ತು ತಂದವಳು ಇಣುಕಿ ನೋಡಿದಳು. “ಅಪ್ಪಾ, ಇದನ್ನ ಚೆಲ್ಬೇಡಿ. ನಮ್ಮ ಶಾಲೇಲಿ ಚಾರ್ಟ್ ಅಂಟಿಸೋದಿದೆ.”

“ಮಾನ ಹೋಯ್ತು!” ರಾಯರು ಸ್ಟೂಲಿನ ಮೇಲೆ ಕುಸಿದರು.

ಹೆಂಡತಿ ಸೊಂಟಕ್ಕೆ ಕೈಯಿಟ್ಟು ಪಾತ್ರೆ ನೋಡಿದಳು, ಗಂಡನನ್ನು ನೋಡಿದಳು. “ಏಳಿ, ಗಡ್ಡ ಬೋಳಿಸ್ಕೊಳ್ಳಿ, ಅಂಗಿ ಬದಲಾಯ್ಸಿ. ಚಹಾ ನಾನು ಮಾಡ್ತೀನಿ.”

“ಒಂದು ತೊಟ್ಟು ಹಾಲು ಬೀಳ್ಬಾರ್ದು!”

“ಬೀಳಲ್ಲ.”

“ಮಗಳ ಮೇಲೆ ಆಣೆ?”

“ಮಗಳ ಮೇಲೇ ಆಣೆ” ಎಂದು ಅವಳು ಮಗಳ ಕಡೆ ನೋಡಿ ಯಾಕೋ ನಕ್ಕಳು. ಬಚ್ಚಲಲ್ಲಿ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದ ರಾಯರಿಗೆ ಮಿಕ್ಸಿ ಗುರ್ರೆಂದದ್ದು ಕೇಳಿಸಿತು.

ನಾಲ್ಕಕ್ಕೆ ಸರಿಯಾಗಿ ಮೂವರೂ ಬಂದರು. ಹಳೆಯ ಮಾತು, ಹಳೆಯ ನಗು. ಬಾಯ್ಲರ್ ಕೆಟ್ಟ ದಿನ, ಟ್ಯಾಂಕರ್ ಜಾರಿ ಇಡೀ ರಸ್ತೆ ಬೆಳ್ಳಗಾದ ದಿನ. ರಾಯರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಕರುವಿನ ಕಥೆ ಹೇಳಿದರು. ಕ್ಯಾನಣ್ಣ ಮೆಲ್ಲಗೆ, “ನಾನೂ ನೋಡಿದ್ದೀನಿ ಕಣಯ್ಯಾ” ಎಂದ.

ಚಹಾ ಬಂತು. ರಾಯರು ಅಭ್ಯಾಸಬಲದಿಂದ ಕೆಟಲಿನ ಮುಚ್ಚಳ ಎತ್ತಿ ಮೂಸಿದರು. ಮುಖದ ಬಣ್ಣ ಬದಲಾಯಿತು. ಒಂದು ಗುಟುಕು ಬಾಯಿಗೆ ಹಾಕಿ ಕಣ್ಣು ಮುಚ್ಚಿದರು. ಉಗುಳಲಿಲ್ಲ! ನುಂಗಿದರು. ಮಹಡಿಯ ಆ ರೂಮು, ಸ್ಟವ್ವಿನ ಭುಸುಭುಸು, ಕೆಳಗೆ ಟೈಲರನ ಮಿಷನ್ನಿನ ಟಕಟಕ, ತೊಟ್ಟಿಲಲ್ಲಿ ಅಂಗೈಯಷ್ಟು ಮಗಳು, ಎಲ್ಲ ಒಟ್ಟಿಗೆ ನಾಲಿಗೆಗೆ ಬಂತು. ಕಣ್ಣು ತೆರೆದಾಗ ಎರಡೂ ಕಣ್ಣಲ್ಲಿ ನೀರು, ಬಾಯಲ್ಲಿ ಬೆಂಕಿ!

“ಮೋಸ! ನನ್ನ ಮನೇಲೇ ಮೋಸ! ಇದು ಹಾಲು! ಸಾಯಂಕಾಲದ ಹಾಲು, ಕೊಬ್ಬು ನಾಲ್ಕೂವರೆ ಪರ್ಸೆಂಟ್! ನಲವತ್ತು ವರ್ಷದ ಹಿಂದೆ ಕುಡಿದ ಹಾಲು! ಎಲ್ಲಿಂದ ತಂದ್ಯೇ ಇದನ್ನ? ಆಣೆ ಇಟ್ಟು ನನ್ನ ವ್ರತ ಕೆಡಿಸಿದ್ಯಲ್ಲೇ!”

ಹೆಂಡತಿ ಒಳಗೆ ಹೋಗಿ ಒಂದು ತಟ್ಟೆ ತಂದು ಮುಂದಿಟ್ಟಳು. ಅದರಲ್ಲಿ ಹಿಂಡಿ ಉಳಿದ ಕಡಲೇಕಾಯಿ ಬೀಜದ ಚರಟ.

“ಇದೇ ನಿಮ್ಮ ಹಸು. ನಿಮ್ಮ ಓಟ್ಸ್ ಡಬ್ಬ ನೋಡಿ ಬೆಳಿಗ್ಗೇನೇ ಹುರಿದು ನೆನೆಹಾಕಿದ್ದೆ.”

ರಾಯರು ಚಿಟಿಕೆ ಚರಟ ತೆಗೆದು ಮೂಸಿದರು. “ಮತ್ತೆ... ಆವತ್ತಿನ ರುಚಿ...”

“ಆವತ್ತಿಂದೂ ಇದೇ. ಇವಳು ಹುಟ್ಟಿದಾಗ ನನ್ಗೆ ಎದೆಹಾಲು ನಿಂತು ಹೋಯ್ತು. ನೀವು ತರ್ತಿದ್ದ ಅರ್ಧ ಲೀಟರ್ ಪೂರಾ ಇವಳಿಗೇ. ಕೆಳಗಿನ ಟೈಲರ್ ತಾಯಿ ಹೇಳಿಕೊಟ್ರು, ಬೀಜ ಹುರಿದು, ನೆನೆಸಿ, ಅರೆದು ಹಿಂಡು ಅಂತ. ಏಳು ತಿಂಗಳು ಹಿಂಡ್ದೆ.”

“ನನ್ಗೆ ಹೇಳ್ಬಾರ್ದಿತ್ತಾ?”

“ಹೇಗ್ರೀ ಹೇಳೋದು? ಆ ಕ್ಯಾನ್ ಬೀಸ್ಕೊಂಡು ಯುದ್ಧ ಗೆದ್ದೋರ ಹಾಗೆ ಬರ್ತಿದ್ರಿ. ಕಿಟಕೀಲಿ ನೋಡ್ತಾ ನಿಲ್ತಿದ್ದೆ. ‘ನಮ್ಮ ಡೈರಿ ಹಾಲು ಅಂದ್ರೆ ಹಾಲು’ ಅಂತ ಎರಡು ಲೋಟ ಕುಡೀತಿದ್ರಿ. ಇವಳು ಊಟ ಮಾಡೋಕೆ ಶುರು ಮಾಡಿದ್ಮೇಲೆ ಹಸುವಿನ ಹಾಲಿಂದೇ ಮಾಡ್ಕೊಟ್ಟೆ. ಆವತ್ತೇ ‘ಥೂ, ಹಾಲು ಕೆಟ್ಟು ಹೋಯ್ತು’ ಅಂದ್ರಿ!”

“ಮ್ಯಾನೇಜರಿಗೆ ಪತ್ರಾನೂ ಬರೆದಿದ್ದೆ” ಎಂದರು ರಾಯರು, ಕ್ಷೀಣವಾಗಿ. “ಹಸುಗಳ ಮೇವು ಸರಿಯಿಲ್ಲ ಅಂತ.”

ಮಗಳು ಅಮ್ಮನ ಹೆಗಲಿಗೆ ತಲೆಯಿಟ್ಟು ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ಕ್ಯಾನಣ್ಣ ಮಾತ್ರ ಬೆರಳು ಮಡಿಸಿ ಏನೋ ಯೋಚಿಸಿ, ನಿಧಾನವಾಗಿ ತಲೆ ಎತ್ತಿದ.

“ತಡಿಯಯ್ಯಾ. ಆ ರುಚಿ ನೆನಪಿಟ್ಕೊಂಡೇ ತಾನೇ ನೀನು ಮೂವತ್ತು ವರ್ಷ ಕ್ಯಾನ್ ವಾಪಸ್ ಕಳಿಸಿದ್ದು? ಅಂದ್ರೆ, ಕಡಲೇಕಾಯಿ ಹಾಗಿಲ್ಲ ಅಂತ ಹಸುವಿನ ಹಾಲನ್ನ ಫೇಲ್ ಮಾಡಿದ್ಯಾ?”

ಮನೆಯ ಹೆಂಚು ಹಾರುವಂಥ ನಗು! ಮೇಸ್ತ್ರಿಗೆ ಚಹಾ ಮೂಗಿಗೇರಿತು. ಡ್ರೈವರು, “ವಾಪಸ್ ಹೊತ್ಕೊಂಡು ಹೋದೋನು ನಾನು ಕಣಯ್ಯಾ!” ಎಂದು ಸೊಂಟ ಹಿಡಿದುಕೊಂಡ. ಕ್ಯಾನಣ್ಣ ಎದ್ದು ಬಂದು ರಾಯರ ಗರಿಗರಿ ಅಂಗಿಯ ಎದೆಯ ಮೇಲೆ ಬೆರಳಿನಿಂದ ದೊಡ್ಡ ಇಂಟು ಗುರುತು ಎಳೆದ. ಹೋಗುವಾಗ ಮೂವರೂ ಎರಡೆರಡು ಲೋಟ ಕುಡಿದಿದ್ದರು. ಹುರಿಯುವುದು ಎಷ್ಟು ಹೊತ್ತು, ನೆನೆಸುವುದು ಎಷ್ಟು ಹೊತ್ತು ಎಂದು ಮೇಸ್ತ್ರಿ ಬಿಸ್ಕತ್ತಿನ ಪೊಟ್ಟಣದ ಮೇಲೆ ಬರೆದುಕೊಂಡ.

ಎಲ್ಲರೂ ಹೋದ ಮೇಲೆ ರಾಯರು ಅಡುಗೆಮನೆಯ ಬಾಗಿಲಲ್ಲಿ ನಿಂತರು.

“ಅವರು ಆಹಾ ಅಂದ್ರು. ನಾಳೆಯಿಂದ ಒಂದೇ ಪಾತ್ರೆ ತಾನೇ?”

“ಒಂದೇ ಪಾತ್ರೆ. ಆದ್ರೆ ಏಳು ತಿಂಗಳು ನಾನು ಹಿಂಡಾಯ್ತು. ಇನ್ಮೇಲೆ ನಿಮ್ಮ ಸರದಿ.”

ಮರುದಿನ ಬೆಳಿಗ್ಗೆ ಏಳು ಗಂಟೆ. ರಾಯರು ತೋಳು ಮಡಿಸಿ ನಲ್ಲಿಯ ಕೆಳಗೆ ಬೀಜದ ಸಿಪ್ಪೆ ತಿಕ್ಕಿ ತೆಗೆದರು, ರುಬ್ಬಿದರು, ಬಟ್ಟೆಯಲ್ಲಿ ಕಟ್ಟಿ ಹಾಲು ಮೊಣಕೈವರೆಗೆ ಇಳಿಯುವಂತೆ ಹಿಂಡಿದರು. ಒಲೆಯ ಮೇಲೆ ಒಂದೇ ಪಾತ್ರೆ. ಹೆಂಡತಿ ಕುರ್ಚಿಯಲ್ಲಿ ಕೂತು ಲೋಟ ತೆಗೆದುಕೊಂಡಳು. ಮೊದಲು ಮೂಸಿದಳು. ಒಂದು ಗುಟುಕು ಹೀರಿ ಕಣ್ಣು ಮುಚ್ಚಿದಳು. ರಾಯರು ಕ್ಯಾನು ಇಳಿಸಿ ಕಾಯುವ ಹಾಲಿನವನ ಹಾಗೆ ಒದ್ದೆ ಕೈ ಜೋಡಿಸಿ ಎದುರಿಗೆ ನಿಂತರು.

“ಪಾಸಾ?”

ಹೆಂಡತಿ ಒಂದು ಕಣ್ಣು ತೆರೆದಳು. “ನಾಳೆ ಇನ್ನೊಂದ್ಸಲ ತನ್ನಿ, ನೋಡೋಣ.”

ರಾಯರು ಹಿಂಡುವ ಬಟ್ಟೆಯನ್ನು ಎರಡು ನೀರಿನಲ್ಲಿ ಜಾಲಾಡಿಸಿ, ಕೊಡವಿ, ಕಿಟಕಿಯ ಸರಳಿಗೆ ಒಣಹಾಕಿದರು.