ಹೆಬ್ಬಟ್ಟಿನಷ್ಟು ಜಾಗ

ಕೊಟ್ಟೂರಿನ ಪಂಚಾಕ್ಷರಪ್ಪನಿಗೆ ಅಳತೆಯ ವಿಷಯದಲ್ಲಿ ಎರಡು ಥರದ ಹೆಸರಿತ್ತು. ತನ್ನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತರೆ, ಬೋಲ್ಟೊಂದನ್ನು ಅಂಗೈಯಲ್ಲಿ ಉರುಳಿಸಿ ಅದಕ್ಕೆ ಯಾವ ನಟ್ ಕೂಡುತ್ತದೆಂದು ಕಣ್ಣುಮುಚ್ಚಿ ಹೇಳುತ್ತಿದ್ದ. ಅರ್ಧ ಇಂಚಿನ ಪೈಪಿಗೆ ಮುಕ್ಕಾಲು ಇಂಚಿನ ಸಾಕೆಟ್ ಕೊಟ್ಟ ಅಪವಾದ ಅವನ ಮೇಲೆ ಒಂದೂ ಇಲ್ಲ. ಆದರೆ ಅದೇ ಮನುಷ್ಯ ಮನೆಯವರಿಗೆಂದು ಏನು ತಂದರೂ ಯಾರಿಗೂ ಆಗುತ್ತಿರಲಿಲ್ಲ. ಹೆಂಡತಿ ದಾಕ್ಷಾಯಣಮ್ಮನಿಗೆ ತಂದ ಬಳೆ ಸರ್ರನೆ ಮೊಣಕೈವರೆಗೂ ಹೋಗುತ್ತಿದ್ದವು, ಚಪ್ಪಲಿ ತಂದರೆ ಹಿಮ್ಮಡಿ ಹೊರಗೇ ಉಳಿಯುತ್ತಿತ್ತು. ಮಗಳು ಶಾಂಭವಿಯಂತೂ ಹೈಸ್ಕೂಲು ಮುಗಿಯುವ ತನಕ ಬೂಟಿನ ತುದಿಗೆ ಹಳೇ ಬನಿಯನ್ನಿನ ಚಿಂದಿ ತುರುಕಿಕೊಂಡೇ ಓಡಾಡಿದಳು. "ಬೆಳಿಯೋ ಕಾಲು, ಇರ್ಲಿ ಬಿಡು" ಎಂಬುದು ಅಪ್ಪನ ಸಮಾಧಾನ.

ಕಾಲು ಬೆಳೆದವು. ಬೆಳೆದ ಕಾಲು ಸುಮ್ಮನಿರದೆ ಐಸ್ ಹಾಕಿ, ಅಂದರೆ ಮಂಜುಗಡ್ಡೆಯ ಮೇಲಿನ ಹಾಕಿ ಆಟ, ಆಡಲು ಹೋದವು. ಮಂಜುಗಡ್ಡೆಯೆಂದರೆ ಸೋಡಾ ಅಂಗಡಿಯ ಡಬ್ಬಿಯಲ್ಲಿ ಇರುವುದು ಎಂದಷ್ಟೇ ಗೊತ್ತಿದ್ದ ಊರಿನ ಹುಡುಗಿ, ಹರಪನಹಳ್ಳಿಯ ಕಾಲೇಜಿನ ಸಿಮೆಂಟು ನೆಲದ ಮೇಲೆ ಚಕ್ರದ ಸ್ಕೇಟಿಂಗ್ ಕಲಿತು, ಅಲ್ಲಿಂದ ರಾಜ್ಯ ತಂಡದವರ ಕಣ್ಣಿಗೆ ಬಿದ್ದಿದ್ದಳು. "ಐಸಿನ ಮ್ಯಾಲೆ ಓಡಿದ್ರ ಕರಗಂಗಿಲ್ಲೇನು?" ಎಂದು ಓಣಿಯವರೆಲ್ಲ ಕೇಳಿ ಮುಗಿಸುವಷ್ಟರಲ್ಲಿ ಬೆಂಗಳೂರಿನ ತರಬೇತಿಯಲ್ಲಿ ಬಾಡಿಗೆಯ ಸಡಿಲ ಸ್ಕೇಟು ಹಾಕಿಕೊಂಡು ಬಿದ್ದು, ಕಾಲು ಉಳುಕಿಸಿಕೊಂಡು ಬಂದಳು. ಕೋಚ್ ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು. ಇನ್ನು ಹದಿನೈದು ದಿನಕ್ಕೆ ಡೆಹ್ರಾಡೂನಿನ ಶಿಬಿರ. ಕಾಲಿಗೆ ಸರಿಯಾಗಿ ಕೂಡುವ ಸ್ವಂತ ಸ್ಕೇಟ್ ತಂದರೆ ತಂಡದಲ್ಲಿ ಜಾಗ, ಇಲ್ಲದಿದ್ದರೆ ಬೆಂಚು.

ಊದಿದ ಆ ಕಾಲಿಗೆ ಎಣ್ಣೆ ತಿಕ್ಕುವಾಗ ಪಂಚಾಕ್ಷರಪ್ಪನಿಗೆ ಬನಿಯನ್ನಿನ ಚಿಂದಿ ನೆನಪಾಯಿತು. ಈ ಒಂದು ಸಲ ಸರಿಯಾದ ಅಳತೆಯದನ್ನು ತರಲಿಲ್ಲವೆಂದರೆ ತಾನು ಅಪ್ಪನೇ ಅಲ್ಲ ಎಂದುಕೊಂಡ.

ಶಿಬಿರಕ್ಕೆ ಹೊರಡಲು ಎರಡೇ ದಿನವಿತ್ತು. ಬೆಳಗಿನ ಹತ್ತಕ್ಕೆ ಬೆಂಗಳೂರಿನಿಂದ ಸ್ಕೇಟ್ ಮಾರುವ ಭರತ್ ಫೋನು ಮಾಡಿದ.

"ಸಾರ್, ಸ್ಟಾಕ್ ಇರೋದೇ ಮೂರು ಜೊತೆ. ಮೂರೂ ಬಸ್ಸಲ್ಲಿ ಕಳಿಸಿದೀನಿ. ಹನ್ನೊಂದೂವರೆಗೆ ಕಾನಹೊಸಹಳ್ಳೀಲಿ ಟೀಗೆ ನಿಲ್ಲುತ್ತೆ, ಹತ್ತು ನಿಮಿಷ. ನಿಮ್ಮ ಮಗಳಿಗೆ ಆಗೋದನ್ನ ತಗೊಳ್ಳಿ, ಉಳಿದದ್ದು ವಿಜಯಪುರದ ಹುಡುಗೀರಿಗೆ ಹೋಗುತ್ತೆ. ಒಂದೇ ಮಾತು ನೆನಪಿಡಿ, ಬೆರಳು ತುದಿಗೆ ಹೀಗೆ ತಾಗಿರಬೇಕು. ಜಾಗ ಬಿಡಬೇಡಿ."

ಶಾಂಭವಿ ಹರಪನಹಳ್ಳಿಯಲ್ಲಿ ಪರೀಕ್ಷೆ ಬರೆಯುತ್ತಿದ್ದಳು, ಫೋನು ಬಂದ್. ಪಂಚಾಕ್ಷರಪ್ಪ ಹೆದರಲಿಲ್ಲ. ಭಾನುವಾರವೇ ಮಗಳನ್ನು ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿ, ನಮ್ಮ ಕಡೆ ಎಲ್ಲರೂ ಮಾಡುವ ಹಾಗೆ, ಕಸಬರಿಗೆಯ ಕಡ್ಡಿಯೊಂದನ್ನು ಪಾದದ ಉದ್ದಕ್ಕೆ ಕರಾರುವಾಕ್ಕಾಗಿ ಮುರಿದು ಇಟ್ಟಿದ್ದ. ಮನೆಗೆ ಓಡಿ, ಕ್ಯಾಲೆಂಡರಿನ ಹಿಂದೆ ಕೈಹಾಕಿ ಕಡ್ಡಿ ಎಳೆದು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡ. ದಾಕ್ಷಾಯಣಮ್ಮ ಹಿತ್ತಲಲ್ಲಿ ಕಿತ್ತ ಚಪ್ಪಲಿಯ ಉಂಗುಟಕ್ಕೆ ಪಿನ್ನು ಹಾಕುತ್ತಿದ್ದಳು.

"ನನಗೂ ಒಂದ್ ಜತಿ ಚಪ್ಪಲಿ ಬೇಕಾಗೈತಿ. ನೀವೇನು ತರಾದು ಬ್ಯಾಡ, ಮಗ್ಗಲ ಮನಿ ಕೆಂಚಕ್ಕ ಹಗರಿಬೊಮ್ಮನಹಳ್ಳಿ ಸಂತಿಗೆ ಹೊಂಟಾಳ, ಆಕಿ ಕೂಡ ತರಿಸ್ಕೊಂತೀನಿ" ಎಂದಳು.

"ಚಲೋ ಆತು" ಎಂದು ಗಾಡಿ ಹತ್ತಿದ.

ಹತ್ತುವಷ್ಟರಲ್ಲಿ ಹಿಂದಿನ ಸೀಟು ತುಂಬಿತ್ತು. ಪಕ್ಕದ ಬಟ್ಟೆ ಅಂಗಡಿಯ ಮರುಳಪ್ಪ. ಯಾರ ಮನೆಯಲ್ಲಿ ಬೋರು ಕೊರೆಸಿದರೂ, ಯಾರ ಮನೆಗೆ ಹೆಣ್ಣು ನೋಡಲು ಬಂದರೂ, ಯಾರ ಎಮ್ಮೆ ಮೇವು ಬಿಟ್ಟರೂ ಮರುಳಪ್ಪ ಅಲ್ಲಿ ಹಾಜರು.

"ಲೇ ಪಂಚಾಕ್ಷರಿ, ಬೂಟು ತರಾಕ ಒಬ್ಬನ ಹೊಂಟೀಯಲ್ಲೋ! ನೀ ತಂದದ್ದು ಯಾರಿಗೆ ಆಗೈತಿ ಹೇಳು? ನಡಿ, ನಾ ಬರ್ತೀನಿ."

ದಾರಿಯುದ್ದಕ್ಕೂ ಅವನದು ಒಂದೇ ರಾಗ. ಬೂಟೆಂದರೆ ತುದಿಯಲ್ಲಿ ಹೆಬ್ಬಟ್ಟಿನಷ್ಟು ಜಾಗ ಇರಲೇಬೇಕು. ಅವರಪ್ಪ ಹಾಗೇ ತರುತ್ತಿದ್ದ, ಅವರಜ್ಜ ಹಾಗೇ ತರುತ್ತಿದ್ದ.

"ಇದು ಆ ಬೂಟಲ್ಲಪಾ. ಇದರಾಗ ಕಾಲು ಅಳ್ಳಾಡಬಾರ್ದು. ಬೆರಳು ತುದಿಗೆ ತಾಗಿರ್ಬೇಕು."

"ಬೆರಳು ತಾಗಿದ್ರ ಉಗುರು ಕರ್ರಗಾಗ್ತಾವು. ಆ ಹುಡುಗಿ ಕಾಲು ಹಾಳು ಮಾಡ್ತಿ ನೀನು."

ಕಾನಹೊಸಹಳ್ಳಿಯ ಹೈವೇ ಪಕ್ಕದ ಹೋಟೆಲಿನ ಮುಂದೆ ಬಸ್ಸು ಆಗಲೇ ನಿಂತಿತ್ತು. ಡ್ರೈವರ್ ಹೊನ್ನೂರಸ್ವಾಮಿ ಒಂದು ಕೈಯಲ್ಲಿ ಚಹಾ ಹಿಡಿದು, ಇನ್ನೊಂದು ಕೈಯಿಂದ ಡಿಕ್ಕಿಯ ಚೀಲ ಎಳೆದು ಹೋಟೆಲಿನ ಕಟ್ಟೆಗೆ ಸುರುವಿದ. ಮೂರು ಜೊತೆ ಕರಿ ಬೂಟು, ಅಡಿಯಲ್ಲಿ ಫಳಫಳ ಹೊಳೆಯುವ ಅಲಗು. ಇಳಿದ ಪ್ರಯಾಣಿಕರು ಮೂತ್ರಕ್ಕೆ ಹೋಗುವುದನ್ನೂ ಮರೆತು ಸುತ್ತ ನಿಂತರು.

"ಇದು ಕಾಯಿ ತುರಿಯಾದೇನ್ರಿ?" ಎಂದಳು ಹೋಟೆಲಿನ ನಾಗರತ್ನ.

"ಕಾಲಿಗೆ ಹಾಕ್ಕೊಂಡು ಕಾಯಿ ಯಾರು ತುರಿತಾರವ್ವ?" ಎಂದ ಒಬ್ಬ ಮುದುಕ. "ಇದು ಕಬ್ಬು ಕಡಿಯಾದು."

ಪಂಚಾಕ್ಷರಪ್ಪ ಯಾವುದಕ್ಕೂ ಕಿವಿಗೊಡದೆ ಬೂಟಿನೊಳಗಿನ ಮೆತ್ತನೆಯ ಹಾಸು ಎಳೆದು ಅದರ ಮೇಲೆ ಕಡ್ಡಿ ಇಟ್ಟ. ಸಣ್ಣದರಲ್ಲಿ ಕಡ್ಡಿ ಹೊರಗೆ ಬಂತು. ದೊಡ್ಡದರಲ್ಲಿ ಮುಂದುಗಡೆ ಜಾಗ ಉಳಿಯಿತು. ನಡುವಿನದರಲ್ಲಿ ಇಟ್ಟು ನೋಡುತ್ತಾನೆ, ಕಡ್ಡಿಯ ತುದಿ ಹಾಸಿನ ತುದಿಗೆ ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲದೆ ಕೂತಿದೆ! ಅರ್ಧ ಇಂಚಿನ ಪೈಪಿಗೆ ಅರ್ಧ ಇಂಚಿನ ಸಾಕೆಟ್ ಕೂತ ಸಂತೋಷ ಅವನ ಮುಖದಲ್ಲಿ.

"ಇದ ನೋಡಪಾ!"

"ಸಾಯಸ್ತಿ ಹುಡುಗೀನ್ನ" ಎಂದು ಮರುಳಪ್ಪ ದೊಡ್ಡ ಜೊತೆಯನ್ನು ಎತ್ತಿಕೊಂಡ. "ಇದರಾಗ ಕಡ್ಡಿ ಮುಂದ ಹೆಬ್ಬಟ್ಟಿನಷ್ಟು ಜಾಗ ಐತಿ. ಇದನ್ನ ತಗೋ."

ಸುತ್ತಲಿದ್ದವರೆಲ್ಲ ಹೌದು ಹೌದೆಂದರು. ಮುದುಕ ತನ್ನ ಹೆಬ್ಬಟ್ಟನ್ನೇ ಬೂಟಿನ ಮೂತಿಗೆ ಒತ್ತಿ ತೋರಿಸಿದ. ಕಂಡಕ್ಟರನೂ ಹೆಬ್ಬಟ್ಟಿನ ಪಕ್ಷವೇ. ಆದರೆ ಈ ಸಲ ಪಂಚಾಕ್ಷರಪ್ಪ ಜಗ್ಗಲಿಲ್ಲ. ಜೀವನದಲ್ಲಿ ಇಷ್ಟು ಗಟ್ಟಿಯಾಗಿ ಅವನು ಹಿಂದೆಂದೂ ನಿಂತಿರಲಿಲ್ಲ.

"ಯಾರು ಏನರ ಅನ್ರಿ, ನಾ ಒಯ್ಯಾದು ಅಳತಿಗೆ ಸರಿ ಇರಾದನ್ನ."

ಮಾತಿಗೆ ಬಗ್ಗದವನನ್ನು ಪ್ರಯೋಗದಿಂದ ಬಗ್ಗಿಸಲು ಮರುಳಪ್ಪ ಕಟ್ಟೆಯ ಮೇಲೆ ಕೂತ. ಅವನಿಗೆ ದೇಹವಷ್ಟೇ ದೊಡ್ಡದು, ಪಾದ ಸಣ್ಣವು. ಆ ಸಣ್ಣ ಪಾದದ ಬಗ್ಗೆ ಅವನಿಗೆ ಒಳಗೊಳಗೆ ಹೆಮ್ಮೆಯೂ ಇತ್ತು. "ಸಡಿಲ ಬೂಟಿನ ಸುಖ ಏನಂತ ನೋಡು" ಎಂದು ದೊಡ್ಡ ಬೂಟಿಗೆ ಬಲಗಾಲು ತೂರಿಸಿ, ಎದ್ದು ಒಂದು ಗುದ್ದು ಗುದ್ದಿದ. ಕಾಲು ಒಳಗೆ ಹೋಯಿತು. ಮುಖದ ಮೇಲಿದ್ದ ನಗೆಯೂ ಅದರ ಜೊತೆಗೇ ಎಲ್ಲೋ ಹೋಯಿತು.

"ಏನಾತು?"

"ಏನಿಲ್ಲ." ಕಾಲನ್ನು ಎರಡು ಸಲ ಜಗ್ಗಿ ನೋಡಿ, "ಬರವಲ್ದು" ಎಂದ.

ಬಿಸಿಲಿಗೆ ಊದಿದ ಕಾಲು ಬೂಟಿನೊಳಗೆ ಬಿರಡೆ ಜಡಿದಂತೆ ಕೂತಿತ್ತು. ಪಂಚಾಕ್ಷರಪ್ಪ ಬೂಟು ಹಿಡಿದು ಎಳೆದ, ಕಂಡಕ್ಟರ್ ಮರುಳಪ್ಪನ ಕಂಕುಳಕ್ಕೆ ಕೈಹಾಕಿ ಹಿಂದಕ್ಕೆ ಎಳೆದ. ನಾಗರತ್ನ ಮಿರ್ಚಿ ಕರಿದ ಎಣ್ಣೆಯನ್ನೇ ಒಂದು ಸೌಟು ತಂದು ಸುರಿದಳು. ಕಾಲು ಬರಲಿಲ್ಲ, ಬರೀ ಮಿರ್ಚಿಯ ವಾಸನೆ ಬಂತು. ಬಸ್ಸಿನೊಳಗಿನಿಂದ "ಹೋಗಾನ್ರೋ" ಎಂಬ ಕೂಗು ಎದ್ದಿತು. ಹತ್ತು ನಿಮಿಷದ ನಿಲುಗಡೆ ಇಪ್ಪತ್ತೈದಕ್ಕೆ ಬಂದಿತ್ತು.

"ಒಂಟಿ ಬೂಟು ಒಯ್ದು ವಿಜಯಪುರದಾಗ ನಾ ಏನು ಹೇಳ್ಲಿ?" ಎಂದು ಹೊನ್ನೂರಸ್ವಾಮಿ ಎಡಗಾಲಿನದನ್ನೂ ಮರುಳಪ್ಪನ ಮಡಿಲಿಗೆ ಎಸೆದ. "ಎರಡೂ ಇಟ್ಕೊಳ್ರಿ. ಕಾಲು ಬಂದ ಮ್ಯಾಲೆ ನಾಳಿ ಇದ ಹೊತ್ತಿಗೆ ತಂದು ಕೊಡ್ರಿ." ಸಣ್ಣ ಜೊತೆಯೊಂದನ್ನು ಡಿಕ್ಕಿಗೆ ಹಾಕಿ ಬಸ್ಸು ಬಿಟ್ಟೇಬಿಟ್ಟ.

ಕೊಟ್ಟೂರಿನ ಬಜಾರಿನಲ್ಲಿ ಗಾಡಿ ಬಂದಾಗ ಹಿಂದೆ ಕೂತ ಮರುಳಪ್ಪನ ಬಲಗಾಲಿನ ಅಲಗು ಬಿಸಿಲಿಗೆ ಮಿಂಚುತ್ತಿತ್ತು. ಜನ ಗಾಡಿಗೆ ದಾರಿ ಬಿಟ್ಟು ಎರಡು ಮಾರು ದೂರವೇ ನಿಂತರು. ಮುಂದೆ ಕೂತ ಪಂಚಾಕ್ಷರಪ್ಪನಿಗೆ ಮಾತ್ರ ತೇರು ಎಳೆದಷ್ಟು ಸಂಭ್ರಮ. ಸರಿಯಾದ ಅಳತೆ ಅವನ ಚೀಲದಲ್ಲಿತ್ತು, ತಪ್ಪಾದ ಅಳತೆ ಮರುಳಪ್ಪನ ಕಾಲಲ್ಲಿತ್ತು. ಲೋಕದಲ್ಲಿ ನ್ಯಾಯ ಇನ್ನೂ ಇದೆ ಎನಿಸಿತು.

ಸಂಜೆ ಐದಕ್ಕೆ ಶಾಂಭವಿ ಬಂದಳು. ಕೈಕಾಲು ತೊಳೆಯಲೂ ಬಿಡದೆ ಪಂಚಾಕ್ಷರಪ್ಪ ಮಗಳನ್ನು ಕುರ್ಚಿಯಲ್ಲಿ ಕೂಡಿಸಿ, ತಾನೇ ನೆಲಕ್ಕೆ ಕೂತು ಬೂಟು ಬಿಚ್ಚಿ ಹಿಡಿದ.

ಶಾಂಭವಿ ಕಾಲು ತೂರಿಸಿದಳು. ಹುಬ್ಬು ಗಂಟಾಯಿತು. "ಅಪ್ಪಾಜಿ, ಬೆರಳು ಮಡಿಚ್ಕೊಂತಾವು."

"ತಾಗಿರ್ಬೇಕವ್ವ. ತಾಗಿರ್ಬೇಕಂತ ಭರತ ಹೇಳ್ಯಾನ."

"ತಾಗಿಲ್ಲ ಅಪ್ಪಾಜಿ, ಮುರದಾವು. ಇದು ನಂದಲ್ಲ."

"ನಿಂದಲ್ಲಂದ್ರ? ಕಡ್ಡಿ ಇಟ್ಟು ತಂದೀನಿ, ಇಲ್ಲಿ ನೋಡು!" ಎಂದು ಜೇಬಿನಿಂದ ಕಡ್ಡಿ ತೆಗೆದ. ಅಷ್ಟರಲ್ಲಿ ಕೆಂಚಕ್ಕ ಚೀಲ ಹಿಡಿದು ಒಳಗೆ ಬಂದಳು.

"ತಗಾ ದಾಕ್ಷಾಯಣಕ್ಕ, ನಿನ್ನ ಚಪ್ಪಲಿ. ನೀ ಕೊಟ್ಟ ಕಡ್ಡಿ ಇಟ್ಟ ತಂದೀನಿ."

ದಾಕ್ಷಾಯಣಮ್ಮ ಮೆಟ್ಟಿ ನೋಡಿದಳು. ಹಿಂದೆ ಒಂದು ಬೆರಳು ಚಪ್ಪಲಿ ಖಾಲಿ ಉಳಿಯಿತು. ಆಕೆ ಗಂಡನ ಕೈಯಲ್ಲಿದ್ದ ಕಡ್ಡಿಯನ್ನು ನೋಡಿದಳು, ಕೆಂಚಕ್ಕನ ಕೈಯಲ್ಲಿದ್ದ ಕಡ್ಡಿಯನ್ನು ನೋಡಿದಳು, ಗೋಡೆಯ ಕ್ಯಾಲೆಂಡರನ್ನು ನೋಡಿದಳು.

"ರೀ, ಬೆಳಿಗ್ಗೆ ನನ್ನ ಅಳತಿ ಮುರಿದು ಕ್ಯಾಲೆಂಡರ್ ಹಿಂದ ಸಿಗಿಸಿದ್ನಿ. ನೀವು ತಗದದ್ದು ಯಾವುದು?"

ಪಂಚಾಕ್ಷರಪ್ಪ ತನ್ನ ಕಡ್ಡಿಯನ್ನು ಕೆಂಚಕ್ಕನ ಕಡ್ಡಿಯ ಪಕ್ಕಕ್ಕೆ ಹಿಡಿದ. ಅವನದು ಒಂದು ಬೆರಳು ಗಿಡ್ಡ. ಶಾಂಭವಿ ಮೆಲ್ಲಗೆ ಎದ್ದು ಅವ್ವನ ಹೊಸ ಚಪ್ಪಲಿ ಮೆಟ್ಟಿದಳು. ಅಚ್ಚು ಹೊಯ್ದಂತೆ ಕೂತವು. ಅವು ಮಗಳ ಕಡ್ಡಿಗೆ ತಂದ ಚಪ್ಪಲಿ.

ಹುಡುಗಿಯ ಕಣ್ಣು ತುಂಬಿತು. "ಇದಕ್ಕಿಂತ ಒಂದು ಹೆಬ್ಬಟ್ಟಿನಷ್ಟು ದೊಡ್ಡದು ಬೇಕಿತ್ತು ಅಪ್ಪಾಜಿ. ಅದಿರಲಿಲ್ಲೇನು?"

ಇತ್ತು. ಅದು ಎಲ್ಲಿದೆ ಎಂಬುದು ಇಡೀ ಬಜಾರಿಗೆ ಗೊತ್ತಿತ್ತು.

ಮರುಳಪ್ಪ ತನ್ನ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು, ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದ. ಸುತ್ತ ಏಳೆಂಟು ಜನ. ಪಂಚಾಕ್ಷರಪ್ಪ ತಲೆ ತಗ್ಗಿಸಿ ವಿಷಯವೆಲ್ಲ ಹೇಳಿದ. ಹೇಳುತ್ತ ಹೋದಂತೆ ಮರುಳಪ್ಪನ ಮುಖ ಅರಳುತ್ತ ಹೋಯಿತು.

"ಹಂಗಾರ ನಾ ಏನು ಹೇಳಿದ್ನಿ?"

"ನೀ ಹೇಳಿದ್ದ ಖರೆ."

"ಏನು ಖರೆ? ಎಲ್ಲಾರ್ಗೂ ಕೇಳವಲ್ದು."

ಮಗಳ ಕಣ್ಣೀರು ನೆನಪಿಗೆ ಬಂತು. ಅದರ ಮುಂದೆ ಈ ಮಾನ ಎಷ್ಟರದು? ಪಂಚಾಕ್ಷರಪ್ಪ ಗಂಟಲು ಸರಿಮಾಡಿಕೊಂಡು ಬಜಾರಿನ ಆ ತುದಿಗೂ ಕೇಳುವಂತೆ ಕೂಗಿದ, "ಬೂಟಿನಾಗ ಹೆಬ್ಬಟ್ಟಿನಷ್ಟು ಜಾಗ ಇರ್ಬೇಕು!"

ಮರುಳಪ್ಪ ಸಮಾಧಾನದಿಂದ ಬಗ್ಗಿ, ಎರಡೇ ಎರಡು ಬೆರಳಿನಿಂದ ಬೂಟು ಕಳಚಿ, ಎಡಗಾಲಿನದರ ಜೊತೆ ಕೈಗಿಟ್ಟ. ಅದು ಮಧ್ಯಾಹ್ನ ಎರಡಕ್ಕೇ ಬಿಚ್ಚಿಕೊಂಡಿತ್ತಂತೆ. ಬಂದು ಹೋಗುವವರು ನೋಡಲಿ ಎಂದು ಮತ್ತೆ ಹಾಕಿಕೊಂಡಿದ್ದ.

ಮಿರ್ಚಿ ವಾಸನೆಯ ಆ ಬೂಟು ಶಾಂಭವಿಯ ಕಾಲಿಗೆ ಹೇಳಿ ಮಾಡಿಸಿದಂತಿತ್ತು. ಬೆರಳು ತುದಿಗೆ ತಾಗಿ ತಾಗದಂತಿತ್ತು, ಹಿಮ್ಮಡಿ ಒಂದಿಷ್ಟೂ ಅಲುಗಲಿಲ್ಲ. ಹುಡುಗಿ ಅಪ್ಪನ ಕುತ್ತಿಗೆ ತಬ್ಬಿಕೊಂಡಳು. ಪಂಚಾಕ್ಷರಪ್ಪನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇನ್ನುಳಿದದ್ದು ಒಂದೇ ಕೆಲಸ. ನಡುವಿನ ಜೊತೆಯನ್ನು ನಾಳೆ ಬಸ್ಸಿಗೆ ಮರಳಿಸಬೇಕು. ಚೀಲ ನೋಡಿದ, ಖಾಲಿ.

ದಾಕ್ಷಾಯಣಮ್ಮ ಪಡಸಾಲೆಯ ಕಂಬ ಹಿಡಿದು ನಿಂತಿದ್ದಳು. ಸೀರೆ ಒಂದು ಗೇಣು ಮೇಲಕ್ಕೆತ್ತಿದ್ದಳು, ಕೆಳಗೆ ಎರಡೂ ಕಾಲಲ್ಲಿ ಕರಿ ಬೂಟು, ದಾರ ಮೇಲಿನವರೆಗೂ ಬಿಗಿದಿತ್ತು.

"ಏನವು? ಬಿಚ್ಚು, ನಾಳಿ ವಾಪಸ್ ಕೊಡ್ಬೇಕು."

"ಇಪ್ಪತ್ತೆರಡು ವರ್ಷದಾಗ ನೀವು ತಂದದ್ದರಾಗ ನನಗ ಸರಿಯಾಗಿ ಆಗಿದ್ದು ಇದೊಂದ ನೋಡ್ರಿ" ಎಂದಳು ದಾಕ್ಷಾಯಣಮ್ಮ ಕಂಬ ಬಿಡದೆ. "ಇದನ್ನೂ ವಾಪಸ್ ಕೊಡಾಕ ಹೊಂಟೀರೇನು?"